ಇಂಟರ್ನೆಟ್ ಪೆಟ್ಟಿಗೆಯಿಂದಲೇ ಮನೆಗೊಂದು ಫೋನು



ಮೊಬೈಲ್ ಇಲ್ಲದ ಮನೆ ಈಗ ನಮ್ಮ ಊರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಆದರೆ ಆ ಮೊಬೈಲು ಯಾರದಾದರೂ ಕಿಸೆಯಲ್ಲೋ ಬ್ಯಾಗಿನಲ್ಲೋ ಹೊರಗೆ ಹೋಗಿರುತ್ತದೆ. ಹಗಲು ಹೊತ್ತು ಮನೆಯಲ್ಲಿ ಅತ್ತೆ ಒಬ್ಬರೇ. ಅವರಿಗೆ ಟಚ್ ಫೋನಿನ ಸಹವಾಸ ಆಗುವುದಿಲ್ಲ, ರಿಸೀವರ್ ಎತ್ತಿ "ಹಲೋ, ಯಾರು?" ಅನ್ನುವುದು ಚೆನ್ನಾಗಿ ಗೊತ್ತುಂಟು. ಗುಡ್ಡದ ಬುಡದ ಮನೆಗಳಲ್ಲಂತೂ ಸಿಗ್ನಲ್ ಹಿಡಿಯಲು ಅಂಗಳದ ತುದಿಗೆ ಓಡಬೇಕು. ಇಂಥ ಮನೆಗೆ ಒಂದೇ ಕಡೆ ಕೂತಿರುವ ಫೋನು ಬೇಕು. ಮಕ್ಕಳ ಓದಿಗೆಂದು ಫೈಬರ್ ಇಂಟರ್ನೆಟ್ ಹಾಕಿಸಿದ್ದರೆ ಅದಕ್ಕೆ ಬೇಕಾದ್ದರಲ್ಲಿ ಮುಕ್ಕಾಲು ಪಾಲು ಈಗಾಗಲೇ ನಿಮ್ಮ ಗೋಡೆಯ ಮೇಲೆ ಉಂಟು.

ವೈಫೈ ಪೆಟ್ಟಿಗೆಯ ಹಿಂಬದಿ ನೋಡಿ. ಅಗಲದ ತೂತುಗಳು ಕಂಪ್ಯೂಟರಿಗೆ. ಪಕ್ಕದಲ್ಲಿ ಚಿಕ್ಕದೊಂದು ತೂತು, ಅದರ ಮೇಲೆ 'ಫೋನ್', 'ಟೆಲ್' ಅಥವಾ 'ಪಾಟ್ಸ್' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಹಳೆಯ ಲ್ಯಾಂಡ್‌ಲೈನ್ ಫೋನಿನ ವಯರು ಅಲ್ಲಿಗೇ ಸರಿಯಾಗಿ ಕೂರುತ್ತದೆ. ನೀವು ಮಾತಾಡಿದ ಸ್ವರವನ್ನು ಪೆಟ್ಟಿಗೆ ಸಣ್ಣ ಸಣ್ಣ ತುಂಡು ಮಾಡಿ, ಬೆಳಕಿನ ರೂಪದಲ್ಲಿ ಗಾಜಿನ ಎಳೆಯೊಳಗೆ ಕಳಿಸುತ್ತದೆ. ಆಚೆ ಕಡೆ ಅದು ಮತ್ತೆ ಸ್ವರವಾಗುತ್ತದೆ. ಒಂದು ಗಂಟೆ ಮಾತಾಡಿದರೂ ಹೋಗಿ ಬರುವ ಲೆಕ್ಕ ಸೇರಿ ಸುಮಾರು 80 ಎಂಬಿ ಅಷ್ಟೇ. ಮಕ್ಕಳು ನೋಡುವ ವಿಡಿಯೋದ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ವಯರು ಸಿಕ್ಕಿಸಿದ ಕೂಡಲೇ ಫೋನು ಮಾತಾಡುವುದಿಲ್ಲ, ಕಂಪನಿಯವರು ನಂಬರು ಚಾಲೂ ಮಾಡಿಕೊಡಬೇಕು. ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಮೂವರೂ ಫೈಬರ್ ಜೊತೆ ಫೋನ್ ನಂಬರು ಕೊಡುತ್ತಾರೆ. ಹಳೆಯ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಇನ್ನೂ ಇದ್ದವರು ಅದೇ ನಂಬರನ್ನು ಫೈಬರಿಗೆ ಬದಲಾಯಿಸಿ ಕೊಡಿ ಅಂತ ಕೇಳಿ. ನೆಂಟರಿಷ್ಟರಿಗೆಲ್ಲ ಬಾಯಿಪಾಠ ಆದ ನಂಬರು ಸುಮ್ಮನೆ ಯಾಕೆ ಬಿಡಬೇಕು? ಫೋನಿನ ಅಡಿಯಲ್ಲಿ 'ಟಿ' ಮತ್ತು 'ಪಿ' ಎಂಬ ಚಿಕ್ಕ ಸ್ವಿಚ್ ಇದ್ದರೆ ಅದನ್ನು 'ಟಿ'ಗೆ ತಳ್ಳಿ. ಬೆರಳು ಹಾಕಿ ತಿರುಗಿಸುವ ಹಳೇ ಕಾಲದ ಫೋನಿನ ಭಾಷೆ ಹೆಚ್ಚಿನ ಹೊಸ ಪೆಟ್ಟಿಗೆಗಳಿಗೆ ಅರ್ಥ ಆಗುವುದಿಲ್ಲ, ಅದು ಶೋಕೇಸಿನಲ್ಲಿಯೇ ಚೆಂದ. ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕು. ಲ್ಯಾಂಡ್‌ಲೈನಿಗೆಲ್ಲ 2021ರ ಜನವರಿ 15ರಿಂದ ಈ ನಿಯಮ ಬಂದಿದೆ. ಎಷ್ಟೋ ಮಂದಿ "ಫೋನ್ ಹಾಳಾಗಿದೆ" ಅಂತ ದೂರು ಕೊಡುವುದು ಈ ಸೊನ್ನೆ ಮರೆತದ್ದಕ್ಕೆ!

ಕೆಲವು ಅಂಗಡಿಯವರು "ಇಂಟರ್ನೆಟ್ ಫೋನಿಗೆ ಬೇರೆ ಮಿಷನ್ ಬೇಕು" ಎಂದು ಎಟಿಎ ಎಂಬ ಅಡಾಪ್ಟರ್ ತೋರಿಸುತ್ತಾರೆ. ನಿಮ್ಮ ಪೆಟ್ಟಿಗೆಯಲ್ಲಿ ಫೋನಿನ ತೂತು ಇದ್ದರೆ ಅದರ ಅಗತ್ಯವೇ ಇಲ್ಲ. ಇಲ್ಲದಿದ್ದರೂ ಅಡಾಪ್ಟರಿಗೆ ಹಣ ಹಾಕುವ ಮೊದಲು ತೂತು ಇರುವ ಪೆಟ್ಟಿಗೆ ಕೊಡಿ ಅಂತ ಕಂಪನಿಯವರನ್ನೇ ಕೇಳಿ.

ಈಗ ಮುಖ್ಯ ವಿಷಯಕ್ಕೆ ಬರೋಣ, ಕರೆಂಟು. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಮಳೆಗಾಲದಲ್ಲಿ ಊರಿಡೀ ಕತ್ತಲಾದರೂ ಫೋನು ಮಾತ್ರ ಬದುಕಿರುತ್ತಿತ್ತು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಮನೆಯ ಕರೆಂಟು ಹೋದ್ರೆ ಪೆಟ್ಟಿಗೆ ಆಫ್, ಪೆಟ್ಟಿಗೆ ಆಫ್ ಆದ್ರೆ ಫೋನೂ ಆಫ್. ರಾತ್ರಿ ಹೊತ್ತು ಅತ್ತೆಗೆ ಎದೆನೋವು ಬಂದು ಆಗಲೇ ಕರೆಂಟಿಲ್ಲದಿದ್ದರೆ ಏನು ಗತಿ? ಮನೆಯಲ್ಲಿ ಇನ್ವರ್ಟರ್ ಇದ್ದರೆ ಪೆಟ್ಟಿಗೆಯನ್ನು ಅದರ ಲೈನಿಗೆ ಕೊಡಿ. ಇಲ್ಲದವರು 'ಮಿನಿ ಯುಪಿಎಸ್' ಎಂಬ ಚಿಕ್ಕ ಬ್ಯಾಟರಿ ತರಬಹುದು. ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಕೆಲವು ಗಂಟೆ ತಡೆಯುತ್ತದೆ. ತರುವ ಮೊದಲು ಪೆಟ್ಟಿಗೆಯ ಅಡಾಪ್ಟರಿನ ಮೇಲೆ ಬರೆದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೆಚ್ಚಾಗಿ 12 ವೋಲ್ಟ್ ಇರುತ್ತದೆ. ಆಂಪಿಯರ್ 1, 1.5 ಅಥವಾ 2 ಇರಬಹುದು, ಯುಪಿಎಸ್‌ನದು ಅದಕ್ಕಿಂತ ಕಡಿಮೆ ಇರಬಾರದು. ಸಂಘದಿಂದ ಚಿಕ್ಕ ಸಾಲ ತೆಗೆದು ಕೊಳ್ಳುವುದಾದರೆ ಈ ಬ್ಯಾಟರಿಗೆ ತೆಗೆಯಿರಿ, ಚೆಂದದ ಫೋನಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಾರ್ಡ್‌ಲೆಸ್ ಫೋನೂ ಬೇಡ, ಅದರ ಬುಡಕ್ಕೆ ಬೇರೆಯೇ ಕರೆಂಟು ಬೇಕಾಗ್ತದೆ.

ಇನ್ನೊಂದು ಗೊತ್ತಿರಲಿ. ನಿಮ್ಮ ಮನೆಯಲ್ಲಿ ಬ್ಯಾಟರಿ ಇದ್ದರೂ ಕೇಬಲಿನವರ ಆಫೀಸಿನಲ್ಲಿ ಕರೆಂಟಿಲ್ಲದಿದ್ದರೆ ಲೈನು ಬರುವುದಿಲ್ಲ. ಸಂಪರ್ಕ ತೆಗೆದುಕೊಳ್ಳುವಾಗಲೇ "ನಿಮ್ಮಲ್ಲಿ ಬ್ಯಾಕಪ್ ಎಷ್ಟು ಗಂಟೆ?" ಅಂತ ಕೇಳಿ. ಪೆಟ್ಟಿಗೆಯಲ್ಲಿ 'ಎಲ್‌ಒಎಸ್' ಎಂಬ ಕೆಂಪು ದೀಪ ಮಿಣುಕುತ್ತಿದ್ದರೆ ಫೈಬರಿನ ಬೆಳಕೇ ಬರುತ್ತಿಲ್ಲ ಎಂದರ್ಥ. ತೆಂಗಿನ ಗರಿ ಬಿದ್ದು ಎಳೆ ತುಂಡಾಗಿರಬಹುದು, ಇಲ್ಲವೇ ಬೀರು ಸರಿಸುವಾಗ ಮಡಚಿ ಹೋಗಿರಬಹುದು. ಸಿಡಿಲು ಗುಡುಗಿಗೆ ಪೆಟ್ಟಿಗೆಯ ಪ್ಲಗ್ ಕಿತ್ತಿಡುವುದು ಒಳ್ಳೆಯದು. ಗಾಜಿಗೆ ಸಿಡಿಲಿನ ಭಯ ಇಲ್ಲದಿದ್ದರೂ ಕರೆಂಟಿನ ವಯರಿಗೆ ಉಂಟು.

ಖರ್ಚು ಎಷ್ಟು? ಜಾಹೀರಾತಿನಲ್ಲಿ 399 ಅಂತ ಇದ್ದರೆ 18% ಜಿಎಸ್‌ಟಿ ಸೇರಿ ಕೈಯಿಂದ ಹೋಗುವುದು 471 ರೂಪಾಯಿ. ಪೆಟ್ಟಿಗೆ 10 ವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಂಡರೆ ಹಗಲೂ ರಾತ್ರಿ ಉರಿದರೂ ತಿಂಗಳಿಗೆ ಸುಮಾರು 7 ಯೂನಿಟ್. ಬರೀ ಫೋನಿಗೋಸ್ಕರ ಫೈಬರ್ ಹಾಕಿಸುವುದು ದುಬಾರಿಯೇ. ಇಂಟರ್ನೆಟ್ ಹೇಗೂ ಇರುವ ಮನೆಗೆ ಮಾತ್ರ ಇದು ಲಾಭ. ಅನ್‌ಲಿಮಿಟೆಡ್ ಕರೆ ಎಂದರೆ ಭಾರತದೊಳಗೆ ಅಂತ ತಿಳಿಯಿರಿ. ಈ ಫೋನಿನಿಂದ ಗಲ್ಫಿಗೆ ಒತ್ತಿದರೆ ಐಎಸ್‌ಡಿ ಬಿಲ್ಲು ಬೇರೆ ಬರ್ತದೆ.

ಗಂಡನೋ ಮಗನೋ ಗಲ್ಫಿನಲ್ಲಿ ಇರುವವರಿಗೆ ಅದೇ ವೈಫೈ ಮೇಲೆ ಆ್ಯಪಿನಿಂದ ಆ್ಯಪಿಗೆ ಮಾತಾಡುವುದೇ ಕಡಿಮೆ ಖರ್ಚು. ಹಿಂದೆ ಸ್ಕೈಪ್ ಇತ್ತು, ಅದು 2025ರ ಮೇ ತಿಂಗಳಲ್ಲಿ ಮುಚ್ಚಿತು. ದುಬೈ, ಅಬುಧಾಬಿ, ಶಾರ್ಜಾ ಇರುವ ಯುಎಇ ದೇಶದವರು ವಾಟ್ಸಾಪ್ ಕರೆಯನ್ನು ವರ್ಷಗಟ್ಟಲೆ ತಡೆದಿದ್ದಾರೆ. ಮೆಸೇಜು ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿ ಅನುಮತಿ ಇರುವ ಬೋಟಿಮ್‌ನಂಥ ಆ್ಯಪ್ ಬಳಸಬೇಕು. "ವಿಪಿಎನ್ ಹಾಕಿಕೋ ಮಾರಾಯ, ಎಲ್ಲರೂ ಹಾಕ್ತಾರೆ" ಅಂತ ಇಲ್ಲಿಂದ ಒತ್ತಾಯ ಮಾಡಬೇಡಿ. ವಿಳಾಸ ಮರೆಮಾಡಿ ಅಪರಾಧ ಮಾಡಿದರೆ ಅಲ್ಲಿನ 2021ರ ಕಾನೂನಿನಲ್ಲಿ ಜೈಲು ಉಂಟು, ಇಲ್ಲವೇ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ ಉಂಟು. ವರ್ಷಗಟ್ಟಲೆ ದುಡಿದ ಸಂಬಳವೇ ಅಷ್ಟಾಗುವುದಿಲ್ಲ.

ಗಲ್ಫಿನ ಕರೆಗಳ ಹೆಸರಿನಲ್ಲಿ ಇನ್ನೊಂದು ಆಸೆಯನ್ನೂ ತೋರಿಸುವವರಿದ್ದಾರೆ. "ನಿಮ್ಮ ಮನೆಯ ಒಂದು ಕೋಣೆ ಮತ್ತು ವೈಫೈ ಕೊಡಿ, ಒಂದು ಮಿಷನ್ ಇಡುತ್ತೇವೆ, ತಿಂಗಳಿಗೆ ಬಾಡಿಗೆ ಕೊಡುತ್ತೇವೆ" ಎನ್ನುತ್ತಾರೆ. ಹತ್ತಾರು ಸಿಮ್ ತುಂಬಿಸಿದ ಆ ಪೆಟ್ಟಿಗೆಗೆ ಸಿಮ್ ಬಾಕ್ಸ್ ಅಂತ ಹೆಸರು. ಹೊರದೇಶದಿಂದ ಇಂಟರ್ನೆಟ್ಟಿನಲ್ಲಿ ಬಂದ ಕರೆಯನ್ನು ಅದು ಇಲ್ಲಿನ ಮೊಬೈಲ್ ಕರೆಯ ಹಾಗೆ ತೋರಿಸುತ್ತದೆ. ವಂಚಕರ ಕರೆಗಳೂ ಅದರಲ್ಲೇ ಬರುತ್ತವೆ. ಅನುಮತಿ ಇಲ್ಲದೆ ಇಂಥದ್ದು ನಡೆಸಿದರೆ 2023ರ ದೂರಸಂಪರ್ಕ ಕಾಯ್ದೆಯಡಿ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದು ವೈಫೈ ಯಾರ ಹೆಸರಿನಲ್ಲಿ ಉಂಟೋ ಅವರ ಮನೆಗೆ. ಸಂಘದ ಸದಸ್ಯೆಯರ ಆಧಾರ್ ತೆಗೆದುಕೊಂಡು "ಫ್ರೀ ಸಿಮ್" ಹಂಚುವವರು ಬಂದರೂ ಜಾಗ್ರತೆ. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂದು ಸರಕಾರದ ಸಂಚಾರ್ ಸಾಥಿಯಲ್ಲಿ ನೋಡಬಹುದು. ಮೊಬೈಲ್ ತಿಳಿದ ಮಕ್ಕಳನ್ನು ಕೂರಿಸಿಕೊಂಡು ಮುಂದಿನ ಸಭೆಯಲ್ಲೇ ಎಲ್ಲರದ್ದೂ ನೋಡಿಬಿಡಿ.

ಫೋನು ಸರಿಯಾದ ಮೇಲೆ ಒಮ್ಮೆ ಮೇನ್ ಸ್ವಿಚ್ ಆಫ್ ಮಾಡಿ, ಅತ್ತೆಯ ಕೈಯಿಂದಲೇ ನಿಮ್ಮ ಮೊಬೈಲಿಗೆ ಕರೆ ಮಾಡಿಸಿ. ವಾಟ್ಸಾಪಿನಿಂದ ತುರ್ತು ಕರೆ ಹೋಗುವುದಿಲ್ಲ, ಅದಕ್ಕೆ ಈ ಫೋನಾಗಲಿ ಮೊಬೈಲಿನ ಮಾಮೂಲಿ ಕರೆಯಾಗಲಿ ಬೇಕು. ಪಕ್ಕದ ಗೋಡೆಗೆ ದೊಡ್ಡ ಅಕ್ಷರದಲ್ಲಿ 112, ನಿಮ್ಮ ನಂಬರು, ನೆರೆಮನೆಯ ನಂಬರು ಬರೆದು ಅಂಟಿಸಿ. ಮೊಬೈಲ್ ನಂಬರುಗಳ ಮುಂದೆ ಸೊನ್ನೆ ಸೇರಿಸಿಯೇ ಬರೆಯಿರಿ.