ಆರು ಸಾವಿರ ಜನ, ಒಂದು ತಂಡ, ಒಂದು ಬಸ್ಸು

ಊರಿನ ಹೆಸರು ಹಂಬೋಲ್ಟ್. ಇರುವುದು ಕೆನಡಾ ದೇಶದ ಸಸ್ಕಾಚುವಾನ್ ಪ್ರಾಂತ್ಯದಲ್ಲಿ. ಕಾಗದದ ಮೇಲೆ ಅದು ಸಿಟಿ. ಜನಸಂಖ್ಯೆ ನೋಡಿದರೆ ಆರು ಸಾವಿರದ ಆಸುಪಾಸು, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಹೋಬಳಿ ಊರು. ಸುತ್ತ ಕಣ್ಣು ಹಾಯುವಷ್ಟು ದೂರವೂ ಗೋಧಿ ಹೊಲ, ಎಣ್ಣೆಕಾಳಿನ ಹೊಲ. ದೊಡ್ಡ ಪೇಟೆ ಸಸ್ಕಟೂನ್‌ಗೆ ಹೋಗಬೇಕೆಂದರೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಚಳಿಗಾಲದಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ಮೂಗಿನ ತುದಿ ಮರಗಟ್ಟುವಂಥ ಚಳಿ.

ಅಷ್ಟು ದೂರದ ಊರಿನ ಕತೆ ನಮಗೇಕೆ ಎಂದು ಓದುಗರು ಕೇಳಿಯಾರು. ಈ ಕತೆಯಲ್ಲಿ ಒಂದು ಬಸ್ಸಿದೆ, ಒಂದು ಲಾರಿಯಿದೆ, ನಾಲ್ಕು ದಾರಿ ಕೂಡುವ ಒಂದು ಕ್ರಾಸಿದೆ. ಲಾರಿ ಓಡಿಸಿದವನು ಭಾರತದಿಂದ ಹೊಟ್ಟೆಪಾಡಿಗೆ ಹೋದ ಯುವಕ. ಇಷ್ಟು ಹೇಳಿದ ಮೇಲೆ ಇದು ಯಾವ ಜಿಲ್ಲೆಗೂ ಹೊರಗಿನ ಸುದ್ದಿಯಲ್ಲ.

ಆದರೆ ಮೊದಲು ತಂಡದ ವಿಷಯ. ಹಾಕಿ ಅಂದರೆ ನಮಗೆ ಕೊಡಗು ನೆನಪಾಗುತ್ತದೆ. ಬಯಲು, ಕೋಲು, ಚೆಂಡು. ಅಲ್ಲಿನವರಿಗೆ ಹಾಕಿ ಅಂದರೆ ಐಸ್ ಹಾಕಿಯೇ. ಹೆಪ್ಪುಗಟ್ಟಿದ ನೀರಿನ ಅಂಗಳ, ಕಾಲಿಗೆ ಅಲಗು ಕಟ್ಟಿದ ಬೂಟು, ಚೆಂಡಿನ ಬದಲು ರಬ್ಬರಿನ ಒಂದು ಬಿಲ್ಲೆ. ಒಂದು ಸಲಕ್ಕೆ ಕಣದಲ್ಲಿ ಗೋಲಿಯೂ ಸೇರಿ ಆರು ಜನ. ವೇಗ ಎಷ್ಟೆಂದರೆ, ಹೊಸಬನಿಗೆ ಬಿಲ್ಲೆ ಎಲ್ಲಿದೆ ಅಂತಲೇ ಕಾಣುವುದಿಲ್ಲ!

ಈ ಮಣ್ಣಿನಲ್ಲೇ 1931ರಲ್ಲಿ ಗ್ಲೆನ್ ಹಾಲ್ ಹುಟ್ಟಿದ್ದು. ದೊಡ್ಡ ಲೀಗಿನಲ್ಲಿ ಒಂದೂ ತಪ್ಪಿಸದೆ ಸತತ 502 ಪಂದ್ಯಗಳಲ್ಲಿ ಗೋಲು ಕಾದ ಮಹಾನುಭಾವ. ಅದೂ ಮುಖಕ್ಕೆ ಮುಸುಕಿಲ್ಲದೆ. ಪಂದ್ಯಕ್ಕೆ ಮುಂಚೆ ಹೆದರಿಕೆಯಿಂದ ವಾಂತಿ ಮಾಡಿಕೊಂಡೇ ಕಣಕ್ಕಿಳಿಯುತ್ತಿದ್ದರು ಎಂಬುದು ಜಗಜ್ಜಾಹೀರಾದ ಸಂಗತಿ.

ಹಂಬೋಲ್ಟ್ ಬ್ರಾಂಕೋಸ್ ತಂಡ ಹುಟ್ಟಿದ್ದು 1970ರಲ್ಲಿ. ಬ್ರಾಂಕೋ ಅಂದರೆ ಪಳಗದ ಕುದುರೆ. ಹೆಸರು ಸ್ವಂತದ್ದಲ್ಲ, ಸ್ವಿಫ್ಟ್ ಕರೆಂಟ್ ಎಂಬ ಊರಿನ ದೊಡ್ಡ ತಂಡದ್ದು. ಅದಕ್ಕೆ ಹುಡುಗರನ್ನು ತಯಾರು ಮಾಡಿ ಕೊಡುವ ಮರಿ ತಂಡವಾಗಿ ಇದು ಶುರುವಾಯಿತು. ಮರಿ ಬೆಳೆಯಿತು. ಮೂರೇ ವರ್ಷದಲ್ಲಿ, 1973ರಲ್ಲಿ, ಪ್ರಾಂತ್ಯದ ಲೀಗನ್ನೇ ಗೆದ್ದಿತು. ಹಸಿರು ಹಳದಿ ಅಂಗಿ ಊರಿನ ಬಣ್ಣವೇ ಆಗಿಹೋಯಿತು.

ಈ ತಂಡಕ್ಕೆ ಸಾಹುಕಾರ ಮಾಲೀಕನಿಲ್ಲ. ಊರವರದೇ ತಂಡ, ಲಾಭ ನಷ್ಟವೂ ಊರವರದೇ. ಟಿಕೆಟ್ ಹರಿಯುವವರು, ಬಾಗಿಲು ಕಾಯುವವರು ಎಲ್ಲ ಬಿಟ್ಟಿ ಕೆಲಸದವರು. ಆಟದ ಸಭಾಂಗಣಕ್ಕಿರುವ ಹೆಸರು ಎಲ್ಗರ್ ಪೀಟರ್ಸನ್ ಅರೀನಾ. ಈ ಪೀಟರ್ಸನ್ ಮಂತ್ರಿಯಲ್ಲ, ದಾನಿಯಲ್ಲ. ಹುಡುಗರ ಜೊತೆಯಲ್ಲಿ ಓಡಾಡಿಕೊಂಡು ಆಟಕ್ಕೆ ಆಯಸ್ಸು ಸವೆಸಿದ ಸ್ವಯಂಸೇವಕ. ಅಂಥವರ ಹೆಸರನ್ನು ಕಟ್ಟಡಕ್ಕೆ ಇಡುವ ಊರು ಎಷ್ಟಿವೆ ಹೇಳಿ?

ಆಟಗಾರರು ಹದಿನಾರರಿಂದ ಇಪ್ಪತ್ತೊಂದರ ಒಳಗಿನ ಹುಡುಗರು. ಸಂಬಳವಿಲ್ಲ. ಇಲ್ಲಿ ಚೆನ್ನಾಗಿ ಆಡಿದರೆ ಅಮೆರಿಕದ ಯಾವುದಾದರೂ ಕಾಲೇಜು ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಳ್ಳಬಹುದು ಎಂಬ ಆಸೆ, ಅಷ್ಟೆ. ಬಹುಪಾಲು ಹುಡುಗರು ಪರಊರಿನವರು. ಇವರು ಇರುವುದೆಲ್ಲಿ? ಊರಿನ ಮನೆಗಳಲ್ಲಿ! ನಮ್ಮಲ್ಲಿ ಹಿಂದೆ ವಾರಾನ್ನದ ಹುಡುಗರಿದ್ದರಲ್ಲ, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ. ಅಲ್ಲಿ ಹಾಗಲ್ಲ. ಇಡೀ ಹಂಗಾಮು ಒಂದೇ ಮನೆ. ಆ ಮನೆಯ ತಾಯಿಯೇ ತಾಯಿ, ಆ ಮನೆಯ ಸಣ್ಣ ಮಕ್ಕಳೇ ತಮ್ಮ ತಂಗಿಯರು. ಬೆಳಿಗ್ಗೆ ಹೈಸ್ಕೂಲಿಗೋ ಕೆಲಸಕ್ಕೋ ಹೋಗಿ ಸಂಜೆ ಆಟ. ಹೀಗಾಗಿ ಈ ತಂಡ ಸೋತರೆ ಬರೀ ತಂಡ ಸೋತಂತಲ್ಲ, ಮನೆ ಮಗ ಸೋತಂತೆ.

ಸೋತದ್ದೂ ಉಂಟು, ಗೆದ್ದದ್ದೇ ಹೆಚ್ಚು. 2003ರಲ್ಲಿ ಇಡೀ ಕೆನಡಾದ ಜೂನಿಯರ್ 'ಎ' ಚಾಂಪಿಯನ್ ಆಗಿದ್ದು ಈ ಹೋಬಳಿ ಊರಿನ ತಂಡ. ಮತ್ತೆ 2008ರಲ್ಲಿ. ತಮಾಷೆಯೆಂದರೆ ಎರಡು ಸಲವೂ ಫೈನಲ್‌ನಲ್ಲಿ ಏಟು ತಿಂದದ್ದು ಕ್ಯಾಮ್ರೋಸ್ ಎಂಬ ಅದೇ ಊರಿನ ತಂಡ. 2009ರಲ್ಲೂ ಫೈನಲ್ ಮುಟ್ಟಿ ಸೋತರು. 2012ರಲ್ಲಿ ರಾಷ್ಟ್ರದ ಪಂದ್ಯಾವಳಿಯನ್ನೇ ತಮ್ಮೂರಿಗೆ ತರಿಸಿಕೊಂಡರು. ಆರು ಸಾವಿರ ಜನರ ಊರಿಗೆ ಅದೊಂದು ಜಾತ್ರೆ! ಆ ಸಲವೂ ಕಪ್ಪು ಕೈತಪ್ಪಿತು.

2015ರಲ್ಲಿ ಡಾರ್ಸಿ ಹಾಗನ್ ಎಂಬವರು ಕೋಚ್ ಆಗಿ ಬಂದರು. 2018ರ ವಸಂತಕ್ಕೆ ತಂಡ ಲೀಗಿನ ಸೆಮಿಫೈನಲ್‌ನಲ್ಲಿತ್ತು. ಎದುರಾಳಿ ನಿಪಾವಿನ್ ಹಾಕ್ಸ್. ನಾಲ್ಕು ಪಂದ್ಯ ಮುಗಿದಾಗ ನಿಪಾವಿನ್ ಮೂರು, ಹಂಬೋಲ್ಟ್ ಒಂದು. ಇನ್ನೊಂದು ಸೋತರೆ ಮನೆಗೆ. ಹುಡುಗರೆಲ್ಲ ಒಗ್ಗಟ್ಟಿನ ಗುರುತಿಗೆ ತಲೆಕೂದಲಿಗೆ ಹೊಂಬಣ್ಣ ಬಳಿದುಕೊಂಡಿದ್ದರು. ಆ ವಯಸ್ಸಿನ ಹುಡುಗಾಟ. ಈ ಬಣ್ಣದ ವಿಷಯ ಮುಂದೆ ಬರುತ್ತದೆ.

ಆ ಶುಕ್ರವಾರದ ಸಂಜೆ

2018ರ ಏಪ್ರಿಲ್ 6, ಶುಕ್ರವಾರ. ಐದನೇ ಪಂದ್ಯಕ್ಕೆ ಬಸ್ಸು 35ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗುತ್ತಿತ್ತು. ಒಳಗೆ 29 ಜನ. ನಿಪಾವಿನ್ ಇನ್ನು ಸುಮಾರು ಮೂವತ್ತು ಕಿಲೋಮೀಟರ್. ಸಂಜೆ ಐದರ ಹೊತ್ತಿಗೆ, 335ನೇ ಹೆದ್ದಾರಿ ಅಡ್ಡ ಬರುವ ಕ್ರಾಸಿನಲ್ಲಿ, ಪೂರ್ವದಿಂದ ಬಂದ ಲಾರಿಯೊಂದು ನಿಲ್ಲದೆ ನುಗ್ಗಿತು. ಹಿಂದೆ ಎರಡು ಟ್ರೈಲರ್, ತುಂಬ ಪೀಟ್ ಪಾಚಿಯ ಮೂಟೆ. ಬಸ್ಸಿನವನು ಬ್ರೇಕ್ ಒತ್ತಿದ. ಬ್ರೇಕಿನ ಗುರುತು ರಸ್ತೆಯ ಮೇಲೆ ಬಿದ್ದಿತ್ತು. ಆದರೆ ಅಡ್ಡ ನಿಂತದ್ದು ಗೋಡೆಯಂಥ ಲಾರಿ.

ಹದಿನಾರು ಜನ ಸತ್ತರು. ಹತ್ತು ಆಟಗಾರರು, ಕೋಚ್ ಹಾಗನ್, ಅವರ ಸಹಾಯಕ, ಬಸ್ ಚಾಲಕ, ರೇಡಿಯೋದಲ್ಲಿ ಪಂದ್ಯದ ವಿವರಣೆ ಕೊಡುತ್ತಿದ್ದ ಯುವಕ, ಅಂಕಿಅಂಶ ಬರೆಯುತ್ತಿದ್ದ ಹದಿನೆಂಟರ ಹುಡುಗ, ಹುಡುಗರ ಗಾಯ ನೋವು ನೋಡಿಕೊಳ್ಳುತ್ತಿದ್ದ ಯುವತಿ. ಬಸ್ಸಿನಲ್ಲಿದ್ದ ಹೆಣ್ಣುಮಗಳು ಆಕೆ ಒಬ್ಬಳೇ. ಐದು ದಿನ ಆಸ್ಪತ್ರೆಯಲ್ಲಿದ್ದು ಪ್ರಾಣ ಬಿಟ್ಟಳು. ಉಳಿದ ಹದಿಮೂರು ಜನರಲ್ಲಿ ಕೆಲವರ ಬೆನ್ನುಮೂಳೆ, ಕೆಲವರ ಮಿದುಳು ಮೊದಲಿನಂತಾಗಲಿಲ್ಲ.

ಈಗ ಆ ಕೂದಲಿನ ಬಣ್ಣ. ಎಲ್ಲರೂ ಒಂದೇ ವಯಸ್ಸು, ಒಂದೇ ಮೈಕಟ್ಟು, ಒಂದೇ ಹೊಂಬಣ್ಣದ ತಲೆ. ಮುಖದ ಗುರುತು ಸಿಗುತ್ತಿಲ್ಲ. ಒಬ್ಬ ಹುಡುಗ ಸತ್ತನೆಂದು ಅವನ ಮನೆಯವರಿಗೆ ಹೇಳಲಾಯಿತು. ಇನ್ನೊಂದು ದಂಪತಿ ಆಸ್ಪತ್ರೆಯಲ್ಲಿ, ಸದ್ಯ ನಮ್ಮ ಮಗ ಬದುಕಿದ ಎಂದುಕೊಂಡು ಹಾಸಿಗೆಯ ಪಕ್ಕ ಕೂತಿದ್ದರು. ಸೋಮವಾರ ಅಧಿಕಾರಿಗಳು ತಪ್ಪು ಒಪ್ಪಿಕೊಂಡರು. ಸತ್ತನೆಂದವನು ಬದುಕಿದ್ದ. ಹಾಸಿಗೆಯ ಮೇಲಿದ್ದವನು ಅವನೇ. ಬದುಕಿದ್ದಾನೆಂದು ಕಾವಲು ಕೂತವರ ಮಗ ಶವಾಗಾರದಲ್ಲಿದ್ದ. ಇದಕ್ಕೆ ಏನು ಅನ್ನುವುದು?

ಭಾನುವಾರ ರಾತ್ರಿ ಪೀಟರ್ಸನ್ ಅರೀನಾದಲ್ಲಿ ಪ್ರಾರ್ಥನಾ ಸಭೆ. ದೇಶದ ಪ್ರಧಾನಿಯೇ ಬಂದು ಜನರ ನಡುವೆ ಕೂತರು. ಅದಾದ ಮೇಲೆ ಕೆನಡಾ ತುಂಬ ಜನ ಮನೆಯ ಹೊರಬಾಗಿಲಲ್ಲಿ ಒಂದೊಂದು ಹಾಕಿ ಕೋಲು ಒರಗಿಸಿಟ್ಟರು. ಆ ಹುಡುಗರಿಗೆ ಬೇಕಾದರೆ ಇರಲಿ ಅಂತ. ಚಂದಾ ಎತ್ತಿದರೆ ಕೂಡಿದ್ದು ಒಂದೂವರೆ ಕೋಟಿ ಡಾಲರಿಗೂ ಮಿಗಿಲು. ಅದೇ ವರ್ಷ ನ್ಯಾಯಾಲಯ ಪಾಲು ಗೊತ್ತು ಮಾಡಿತು. ಸತ್ತವರ ಮನೆಗೆ ತಲಾ 5,25,000 ಡಾಲರ್, ಬದುಕಿದವರಿಗೆ ತಲಾ 4,75,000. ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಹುಡುಗನಿಗೂ, ಗಾಯ ಮಾಯ್ದು ಎದ್ದು ಓಡಾಡುವವನಿಗೂ ಒಂದೇ ಲೆಕ್ಕ. ಸಮಪಾಲು ಮತ್ತು ಸರಿಪಾಲು ಬೇರೆ ಬೇರೆ ಎಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದು ಕಷ್ಟ.

ಸತ್ತವರಲ್ಲಿ ಲೋಗನ್ ಬೂಲೆ ಎಂಬ ಹುಡುಗನ ಮಾತು ಬೇರೆಯೇ. ಅವನಿಗೆ ಕಸರತ್ತು ಕಲಿಸಿದ ಗುರು 2017ರಲ್ಲಿ ತೀರಿಕೊಂಡಾಗ ಅಂಗಾಂಗ ದಾನವಾಗಿ ಆರು ಜನ ಬದುಕಿದ್ದರು. ಅದನ್ನು ಕಂಡ ಈ ಹುಡುಗ, ಇಪ್ಪತ್ತೊಂದು ತುಂಬುತ್ತಲೇ ತಾನೂ ಹೆಸರು ಬರೆಸುತ್ತೇನೆಂದು ಮನೆಯಲ್ಲಿ ಹೇಳಿದ್ದ, ಬರೆಸಿಯೂ ಇದ್ದ. ಕೆಲವೇ ವಾರ ಕಳೆದಿತ್ತು. ಅವನ ಅಂಗಗಳೂ ಆರೇ ಜನಕ್ಕೆ ಹೋದವು. ಸುದ್ದಿ ಹರಡಿ, ಮುಂದಿನ ದಿನಗಳಲ್ಲಿ ಲಕ್ಷಕ್ಕೂ ಹೆಚ್ಚು ಕೆನಡಿಯನ್ನರು ದಾನಿಗಳಾಗಿ ಹೆಸರು ಬರೆಸಿದರು. ಏಪ್ರಿಲ್ 7 ಈಗ ಆ ದೇಶದಲ್ಲಿ ಹಸಿರು ಅಂಗಿಯ ದಿನ.

ಲಾರಿಯವನು, ಲಾರಿಯ ಧಣಿ

ಲಾರಿ ಓಡಿಸುತ್ತಿದ್ದವನು ಭಾರತದಲ್ಲಿ ಕಾಮರ್ಸ್ ಓದಿ ಹೆಂಡತಿಯಾಗುವವಳ ಹಿಂದೆ ಕೆನಡಾ ಸೇರಿದವನು. ಕ್ಯಾಲ್ಗರಿಯ ಒಂದು ಸಣ್ಣ ಲಾರಿ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಮೂರೇ ವಾರ. ಅದರಲ್ಲಿ ಎರಡು ವಾರ ಧಣಿ ಪಕ್ಕದಲ್ಲಿ ಕೂತು ಹೇಳಿಕೊಟ್ಟ. ಆಮೇಲೆ ಎರಡು ಟ್ರೈಲರಿನ ಆ ದೈತ್ಯನನ್ನು ಇವನ ಕೈಗೇ ಬಿಟ್ಟಾಯಿತು! ಆ ಸಂಜೆ ಹಿಂದಿನ ಟ್ರೈಲರಿನ ಟಾರ್ಪಾಲು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತಂತೆ. ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದನಂತೆ. ಕ್ರಾಸಿಗೆ ಮುಂಚೆ ನಾಲ್ಕು ಎಚ್ಚರಿಕೆ ಫಲಕ, ಕ್ರಾಸಿನಲ್ಲಿ ಮಿನುಗುವ ಕೆಂಪು ದೀಪದ ದೊಡ್ಡ ನಿಲ್ಲು ಫಲಕ. ಒಂದೂ ಅವನ ಕಣ್ಣಿಗೆ ಬೀಳಲಿಲ್ಲ. ಕುಡಿದಿರಲಿಲ್ಲ, ಫೋನಿನಲ್ಲಿ ಇರಲಿಲ್ಲ.

2019ರ ಜನವರಿಯಲ್ಲಿ ಅವನು ವಿಚಾರಣೆಯೇ ಬೇಡವೆಂದು ಎಲ್ಲ 29 ಆರೋಪ ಒಪ್ಪಿಕೊಂಡ. ಶಿಕ್ಷೆಗೆ ಮುಂಚೆ ನೊಂದ ಮನೆಯವರು ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಕೋಚ್ ಹಾಗನ್ ಅವರ ಹೆಂಡತಿ ಅವನನ್ನು ಕ್ಷಮಿಸಿದ್ದೇನೆಂದರು. ಸಾಧ್ಯವಿಲ್ಲ ಎಂದವರೂ ಇದ್ದರು. ಎರಡನ್ನೂ ಅವನು ತಲೆ ತಗ್ಗಿಸಿ ಕೇಳಿದ. ಮಾರ್ಚ್‌ನಲ್ಲಿ ಎಂಟು ವರ್ಷ ಜೈಲು.

ಲಾರಿಯ ಧಣಿಗೆ? ಲಾಗ್ ಪುಸ್ತಕದ ನಿಯಮ ಪಾಲಿಸದಿದ್ದುದು ಮುಂತಾದ ತಪ್ಪಿಗೆ ಐದು ಸಾವಿರ ಡಾಲರ್ ದಂಡ. ಕಟ್ಟಿ ಹೋದ. ಎಂಟು ವರ್ಷ ಒಂದು ಕಡೆ, ಐದು ಸಾವಿರ ಇನ್ನೊಂದು ಕಡೆ. ನಮ್ಮ ಲಾರಿ ಸ್ಟ್ಯಾಂಡಿನಲ್ಲಿ ಯಾವ ಡ್ರೈವರನ್ನು ಕೇಳಿದರೂ, ಇದರಲ್ಲಿ ಹೊಸದೇನ್ರೀ ಅಂದಾನು.

ಸರಕಾರದ ಕಣ್ಣು ತೆರೆದದ್ದೂ ಆಮೇಲೆಯೇ. ಸಸ್ಕಾಚುವಾನಿನಲ್ಲಿ ಅಲ್ಲಿಯವರೆಗೆ ಅಂಥ ಲಾರಿಗೆ ಇಷ್ಟು ಗಂಟೆ ತರಬೇತಿ ಕಡ್ಡಾಯ ಎಂಬುದಿರಲಿಲ್ಲ, ಪರೀಕ್ಷೆ ಪಾಸಾದರೆ ಸಾಕು. 2019ರ ಮಾರ್ಚ್‌ನಿಂದ 121.5 ಗಂಟೆ ಕಡ್ಡಾಯವಾಯಿತು. 2020ರ ಸೆಪ್ಟೆಂಬರಿನಿಂದ ಹೊಸದಾಗಿ ತಯಾರಾಗುವ ಹೆದ್ದಾರಿ ಬಸ್ಸಿಗೆಲ್ಲ ಸೀಟ್ ಬೆಲ್ಟ್ ಇರಲೇಬೇಕೆಂದು ಕೇಂದ್ರದ ಕಾನೂನು ಬಂತು. ಕ್ರಾಸಿನಲ್ಲಿ ಅಡ್ಡ ಮರಗಳನ್ನು ಕಡಿದು, ಚಕ್ರ ಹತ್ತಿದರೆ ಗಡಗಡ ಅನ್ನುವ ಪಟ್ಟಿ ಹಾಕಿದರು. ಅದೇ ಕ್ರಾಸಿನಲ್ಲಿ 1997ರಲ್ಲೇ ಆರು ಜನ ಸತ್ತಿದ್ದರು. ಮಿನುಗುವ ದೀಪ ಬಂದದ್ದು ಆಗ. ಮರ ಕಡಿಯಲು ಇನ್ನೂ ಹದಿನಾರು ಜನ ಬೇಕಾಯಿತು.

ಆ ಯುವಕ 2023ರ ಹೊತ್ತಿಗೆ ಪೆರೋಲ್ ಮೇಲೆ ಜೈಲಿನಿಂದ ಹೊರಗೆ ಬಂದಿದ್ದ. 2024ರ ಮೇ ತಿಂಗಳಲ್ಲಿ ಅವನನ್ನು ಭಾರತಕ್ಕೆ ವಾಪಸು ಕಳಿಸಲು ಆದೇಶವಾಯಿತು. ಕಳಿಸಿ ಅಂದ ಮನೆಯವರಿದ್ದಾರೆ, ಇರಲಿ ಬಿಡಿ ಅಂದವರೂ ಇದ್ದಾರೆ. ಮಕ್ಕಳನ್ನು ಕಳೆದುಕೊಂಡವರಲ್ಲೇ ಎರಡು ಮಾತು.

ತಂಡದ ಗತಿ? ಇನ್ನು ಈ ತಂಡವೇ ಬೇಡ ಅಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಊರು ಹಾಗನ್ನಲಿಲ್ಲ. 1986ರ ಡಿಸೆಂಬರ್ 30ರಂದು ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ತಂಡದ ಬಸ್ಸು ಉರುಳಿ ನಾಲ್ಕು ಹುಡುಗರು ಸತ್ತಿದ್ದರು. ಹಂಬೋಲ್ಟ್‌ಗೆ ಹೆಸರು ಕೊಟ್ಟ ಊರು ಅದೇ. ಅಂದು ಬದುಕುಳಿದು ಈಗ ನಡುವಯಸ್ಸು ದಾಟಿದ ಕೆಲವರು ತಾವಾಗಿ ಹಂಬೋಲ್ಟ್‌ಗೆ ಬಂದು ಆಸ್ಪತ್ರೆಯ ಹುಡುಗರ ಪಕ್ಕ ಕೂತು ಹೋದರು.

ಬೇಸಿಗೆಯಲ್ಲಿ ಹೊಸ ಹುಡುಗರನ್ನು ಆರಿಸಲು ಕರೆ ಹೋಯಿತು. ಹುಡುಗರು ಬಂದರು. ಮಂಚ ಖಾಲಿಯಾಗಿದ್ದ ಮನೆಗಳು ಮತ್ತೆ ಬಾಗಿಲು ತೆರೆದವು. 2018ರ ಸೆಪ್ಟೆಂಬರ್ 12ರಂದು ಮೊದಲ ಪಂದ್ಯ. ಎದುರಾಳಿ ಬೇರಾರೂ ಅಲ್ಲ, ಅದೇ ನಿಪಾವಿನ್. ಹಳೇ ಬಸ್ಸಿನಲ್ಲಿದ್ದವರ ಪೈಕಿ ಇಬ್ಬರು ಮತ್ತೆ ಹಸಿರಂಗಿ ತೊಟ್ಟು ಕಣಕ್ಕಿಳಿದರು. ಇಡೀ ದೇಶ ಟಿವಿ ಮುಂದೆ ಕೂತಿತ್ತು. ಸಿನಿಮಾ ಆಗಿದ್ದರೆ ಹಂಬೋಲ್ಟ್ ಗೆಲ್ಲಬೇಕಿತ್ತು. ಒಂದಕ್ಕೆ ಎರಡು ಗೋಲಿನಿಂದ ಸೋತಿತು. ಜನ ಎದ್ದು ಹೋಗಲಿಲ್ಲ. ಪಂದ್ಯ ಮುಗಿದ ಮೇಲೆ ಆ ಬಸ್ಸಿನಲ್ಲಿದ್ದ 29 ಜನರ ಹೆಸರಿನ ಪಟಗಳನ್ನು ಸೂರಿಗೆ ಏರಿಸಿದರು, ಸತ್ತವರದ್ದೂ, ಉಳಿದವರದ್ದೂ.

ತಂಡ ಈಗಲೂ ಅದೇ ಲೀಗಿನಲ್ಲಿ ಆಡುತ್ತಿದೆ. ಹುಡುಗರು ಈಗಲೂ ಊರಿನ ಮನೆಗಳಲ್ಲೇ ಉಣ್ಣುತ್ತಾರೆ. ಪರಊರಿನ ಪಂದ್ಯಕ್ಕೆ ಈಗಲೂ ಬಸ್ಸೇ ಗತಿ.