ಎಣ್ಣೆ ನೋಡುವ ದಿನ

ಮೋಟಾರ್ ಸೈಕಲ್ಲನ್ನು ಕುರಿತು ಬರೆಯುವುದು ಕನ್ನಡದ ಅಧ್ಯಾಪಕನಿಗೆ ಒಪ್ಪುವ ಕೆಲಸವೇ ಎಂದು ಕೆಲವರು ಕೇಳಬಹುದು. ಕಾವ್ಯಮೀಮಾಂಸೆಯ ಪಾಠ ಹೇಳಿ ಜೀವಿಸುವವನಿಗೆ ಕಾರ್ಬುರೇಟರಿನ ಗೊಡವೆ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ನನ್ನ ಉದ್ಯೋಗ ಸಾಗರದಲ್ಲಿ. ಹುಟ್ಟಿದ ಮನೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹೆಂಡತಿಯ ತವರು ತೀರ್ಥಹಳ್ಳಿ. ಹೀಗೆ ಮೂರು ಕಡೆ ಹಂಚಿಹೋದ ಬದುಕಿಗೆ ಮೋಟಾರ್ ಸೈಕಲ್ಲು ವಿಲಾಸದ ವಸ್ತುವಲ್ಲ. ಬಯಲುಸೀಮೆಯ ಊರುಗಳಂತೆ ಮಲೆನಾಡಿನ ಮನೆಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುವುದಿಲ್ಲ. ಗುಡ್ಡದ ಈ ಮಗ್ಗುಲಲ್ಲಿ ಒಂದು ಮನೆ, ಅಡಕೆಯ ತೋಟದ ಆಚೆಗೆ ಇನ್ನೊಂದು ಮನೆ. ಬಸ್ಸು ಇಳಿದ ಮೇಲೂ ನಡೆಯಬೇಕಾದ ದಾರಿ ಬಹಳ. ಲಿಂಗನಮಕ್ಕಿಯ ಹಿನ್ನೀರಿನ ಆಚೆಯ ತುಮರಿ ಕಡೆಯವರಂತೂ, 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವ ತನಕ, ತಮ್ಮ ಮೋಟಾರ್ ಸೈಕಲ್ಲುಗಳನ್ನು ಲಾಂಚಿನ ಮೇಲೆ ನಿಲ್ಲಿಸಿಕೊಂಡೇ ಸಾಗರದ ಪೇಟೆಗೆ ಬರುತ್ತಿದ್ದರು. ಇಂಥ ನಾಡಿನಲ್ಲಿ ಗಾಡಿ ಹೊರಡುವುದು, ಹೊರಡದಿರುವುದು ಸಣ್ಣ ಮಾತಲ್ಲ.

ಎಂಜಿನ್ ಎಣ್ಣೆಯ ಡಬ್ಬದ ಮೇಲೆ ‘20ಡಬ್ಲ್ಯು-50’ ಎಂಬ ಗುರುತನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಇಲ್ಲಿಯ ಡಬ್ಲ್ಯು ‘ವಿಂಟರ್’ ಎಂಬುದರ ಮೊದಲಕ್ಷರ; ಎಂದರೆ ಚಳಿಗಾಲ. ಚಳಿಯಲ್ಲಿ ಆ ಎಣ್ಣೆ ಎಷ್ಟು ಸಲೀಸಾಗಿ ಹರಿಯಬಲ್ಲುದೆಂಬುದನ್ನು ಮೊದಲ ಅಂಕಿ ಸೂಚಿಸುತ್ತದೆ. ಎಂಜಿನ್ನು ಕಾದ ಮೇಲೂ ಎಷ್ಟು ಮಂದವಾಗಿ ಉಳಿಯಬಲ್ಲುದೆಂಬುದನ್ನು ಎರಡನೆಯ ಅಂಕಿ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಮೋಟಾರ್ ಸೈಕಲ್ಲನ್ನು ಒಳಗೆ ನಿಲ್ಲಿಸಿ, ವಸಂತ ಬರುವ ತನಕ ಅದನ್ನು ಕಾಪಾಡುವುದು ರೂಢಿ. ರಸ್ತೆಯ ಹಿಮ ಕರಗಿಸಲು ಚೆಲ್ಲುವ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಗಾಡಿಯ ಆರೈಕೆಯನ್ನು ಕುರಿತ ಬರಹಗಳೆಲ್ಲ ಹೆಚ್ಚಾಗಿ ಆ ದೇಶಗಳವೇ ಆದುದರಿಂದ, ಅವುಗಳಲ್ಲಿ ‘ಚಳಿಗಾಲದ ಆರೈಕೆ’ ಎಂಬ ಅಧ್ಯಾಯ ತಪ್ಪದೆ ಇರುತ್ತದೆ.

ನಮ್ಮಲ್ಲಿ ಹಾಗಲ್ಲ. ಧನುರ್ಮಾಸದ ಬೆಳಗು ಗಾಡಿಯ ಸವಾರಿಗೆ ವರ್ಷದಲ್ಲೇ ಸೊಗಸಾದ ಹೊತ್ತು. ನಮ್ಮ ಗಾಡಿ ಮೂಲೆ ಸೇರುವುದು ಮೃಗಶಿರಾ ಮಳೆ ಹಿಡಿದಾಗ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದಕ್ಕೆ ಸರಿಸಾಟಿಯಾಗಿ ನಿಲ್ಲುತ್ತದೆ. ಈ ಮಳೆಯ ಬಹುಪಾಲು ಸುರಿಯುವುದು ಮೂರು ನಾಲ್ಕು ತಿಂಗಳಲ್ಲಿ. ಕಪಾಟಿನ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಚಪ್ಪಲಿಗೆ ಹಿಡಿಯುತ್ತದೆ, ಗೋಡೆಯ ಭಾವಚಿತ್ರಕ್ಕೂ ಹಿಡಿಯುತ್ತದೆ. ಹೊರಗಿನವರ ಚಳಿಗಾಲದ ಅಧ್ಯಾಯವನ್ನು ನಾವು ಮಳೆಗಾಲದ ಅಧ್ಯಾಯವೆಂದೇ ಓದಿಕೊಳ್ಳಬೇಕು.

ನಾನು ಅದನ್ನು ಓದಿಕೊಂಡಿರಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯ ಹಳೆಯ ಯೆಜ್ಡಿ.

ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಮೊದಲು ಮಾಡಿತು. ಅಲ್ಲಿ ತಯಾರಾದ ಜಾವಾ, ಮುಂದೆ ಯೆಜ್ಡಿ, ಮಲೆನಾಡಿನ ಮಾಸ್ತರರು, ಡಾಕ್ಟರರು, ತೋಟದ ಯಜಮಾನರು ಮೆಚ್ಚಿ ಕೊಂಡ ಗಾಡಿಗಳು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದ ನಮ್ಮ ಅಪ್ಪಯ್ಯ 1983ರಲ್ಲಿ ಒಂದು ಯೆಜ್ಡಿ ಕೊಂಡರು. ಕಾರ್ಖಾನೆ ಮುಚ್ಚಿದ 1996ರಲ್ಲೇ ಅದನ್ನು ಮಾರಿದರು. ಯೆಜ್ಡಿಯದು ಎರಡು ಹೊಡೆತದ ಎಂಜಿನ್ನು. ಅದರ ಎಣ್ಣೆ ಪೆಟ್ರೋಲಿನೊಡನೆಯೇ ಬೆರೆತು ಒಳಗೆ ಹೋಗಿ, ಕೆಲಸ ಮಾಡಿ, ಉರಿದುಹೋಗುತ್ತದೆ. ಪೆಟ್ರೋಲು ತುಂಬಿಸುವಾಗಲೆಲ್ಲ ಅಪ್ಪಯ್ಯ ಅಳತೆಯ ಲೋಟದಲ್ಲಿ ಎಣ್ಣೆ ಹಾಕಿಸಿ, ಗಾಡಿಯನ್ನು ಆ ಕಡೆ ಈ ಕಡೆ ಅಲುಗಿಸಿ ಬೆರೆಸುತ್ತಿದ್ದರು. ಗಿಯರಿನ ಪೆಟ್ಟಿಗೆಯ ಎಣ್ಣೆಯನ್ನು ಗ್ಯಾರೇಜಿನವರು ನೋಡಿಕೊಳ್ಳುತ್ತಿದ್ದರು. ಹೀಗಾಗಿ ಎಂಜಿನ್ನಿನ ಎಣ್ಣೆಯನ್ನು ಬಿಡುವು ಮಾಡಿಕೊಂಡು, ಮುಚ್ಚಳ ತೆಗೆದು, ಬಗ್ಗಿ ನೋಡಬೇಕೆಂಬ ಅಭ್ಯಾಸವೇ ನಮ್ಮ ಮನೆಯಲ್ಲಿ ಬೆಳೆಯಲಿಲ್ಲ.

2008ರಲ್ಲಿ ತೀರ್ಥಹಳ್ಳಿಯಲ್ಲಿ ನಾನೊಂದು ಹಳೆಯ ಬುಲೆಟ್ಟನ್ನು ಕೊಂಡೆ. 1955ರಿಂದ ಮದರಾಸಿನಲ್ಲಿ ತಯಾರಾಗುತ್ತ ಬಂದ ಎನ್‌ಫೀಲ್ಡ್ ಬುಲೆಟ್ಟಿನ ಹಳೆಯ ಮಾದರಿ ಅದು, ಬೀಡುಕಬ್ಬಿಣದ ಎಂಜಿನ್ನಿನದು. ಇದರದು ನಾಲ್ಕು ಹೊಡೆತ. ಎಣ್ಣೆ ಇಲ್ಲಿ ಉರಿದುಹೋಗುವುದಿಲ್ಲ. ಒಳಗೇ ಸುತ್ತುತ್ತಿರುತ್ತದೆ, ಸವೆಯುತ್ತದೆ, ಕಪ್ಪಾಗುತ್ತದೆ, ಸ್ವಲ್ಪ ಸ್ವಲ್ಪ ಸೋರುತ್ತದೆ. ಅದರ ಮಟ್ಟ ನೋಡಲು ಮುಚ್ಚಳಕ್ಕೆ ಒಂದು ಅಳತೆಯ ಕಡ್ಡಿ ಇದೆ. ಗಾಡಿ ಕೊಟ್ಟ ದಿನ ತೀರ್ಥಹಳ್ಳಿಯ ಮೇಸ್ತ್ರಿ, “ಮೇಷ್ಟ್ರೇ, ಪೆಟ್ರೋಲು ಮುಗಿದರೆ ಗಾಡಿ ನಿಲ್ಲುತ್ತದೆ, ನಿಮಗೆ ಗೊತ್ತಾಗುತ್ತದೆ. ಎಣ್ಣೆ ಮುಗಿದರೆ ಗೊತ್ತಾಗುವ ಹೊತ್ತಿಗೆ ಎಂಜಿನ್ನೇ ಹೋಗಿರುತ್ತದೆ. ತಿಂಗಳಿಗೊಂದು ದಿನ ಗೊತ್ತು ಮಾಡಿಕೊಂಡು ಕಡ್ಡಿ ನೋಡಿ” ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವ ವಿದ್ಯಾರ್ಥಿಗಳನ್ನು ಎಷ್ಟು ನಂಬಬೇಕೆಂಬುದು ನಮ್ಮ ವೃತ್ತಿಯವರಿಗೆಲ್ಲ ತಿಳಿದದ್ದೇ.

2019ರ ಮಳೆಗಾಲಕ್ಕೆ ಮುನ್ನ ಬುಲೆಟ್ಟನ್ನು ಹಳ್ಳಿಯ ಮನೆಯಲ್ಲಿ ಬಿಟ್ಟೆ. ಸಾಗರದಲ್ಲಿ ಕಾಲೇಜಿಗೆ ನಡೆದೇ ಹೋಗಬಹುದಾಗಿತ್ತು. ತೋಟ ನೋಡಿಕೊಂಡಿದ್ದ ತಮ್ಮನಿಗೆ ಸ್ವಂತ ವಾಹನವಿರಲಿಲ್ಲ. ಅಗತ್ಯ ಬಿದ್ದರೆ ಇರಲಿ ಎಂಬುದು ನನ್ನ ಎಣಿಕೆ. ಕೊಟ್ಟಿಗೆಯ ಒಂದು ಮೂಲೆಯಲ್ಲಿ ಗಾಡಿಯನ್ನು ನಿಲ್ಲಿಸಿ, ಅಡಕೆಗೆ ಹೊದಿಸುವ ನೀಲಿ ತಾಡಪಾಲನ್ನು ಸುತ್ತಲೂ ಬಿಗಿದು ಕಟ್ಟಿ, ಬಹಳ ಜಾಗ್ರತೆ ವಹಿಸಿದೆನೆಂಬ ಸಮಾಧಾನದಿಂದ ಹಿಂತಿರುಗಿದೆ. ಎರಡು ಮೂರು ದಿನಕ್ಕೊಮ್ಮೆ ಎಂಜಿನ್ನನ್ನು ಎರಡು ನಿಮಿಷ ಓಡಿಸಿ ನಿಲ್ಲಿಸುವ ಕೆಲಸವನ್ನು ಅಪ್ಪಯ್ಯ ತಾವೇ ವಹಿಸಿಕೊಂಡರು. ಫೋನಿನಲ್ಲಿ ಕೇಳಿದಾಗಲೆಲ್ಲ, “ಗಾಡಿಯೂ ಆರಾಮು, ನಾವೂ ಆರಾಮು” ಎನ್ನುತ್ತಿದ್ದರು.

ಆ ವರ್ಷದ ಆಗಸ್ಟ್ ಮೊದಲ ವಾರದಲ್ಲಿ ಆಶ್ಲೇಷಾ ಮಳೆ ಮಲೆನಾಡನ್ನೆಲ್ಲ ನಡುಗಿಸಿದ್ದು ಅನೇಕರ ನೆನಪಿನಲ್ಲಿರಬಹುದು. ಅಂಥ ಒಂದು ರಾತ್ರಿ ಅಪ್ಪಯ್ಯನಿಗೆ ಉಸಿರು ಕಟ್ಟಿತು. ಮಲಗಿದರೆ ಉಸಿರಾಡಲಾಗದು, ಕುಳಿತರೂ ಏದುಸಿರು. ಕರೆಂಟು ಹೋಗಿ ಎರಡು ದಿನವಾಗಿತ್ತು, ಫೋನು ಸತ್ತಿತ್ತು. ಜೀಪು ಇದ್ದ ಮನೆ ನಾಲ್ಕು ಕಿಲೋಮೀಟರು ಆಚೆ. ತಮ್ಮ ಕೊಟ್ಟಿಗೆಗೆ ಓಡಿ ತಾಡಪಾಲು ಕಿತ್ತೆಸೆದು ಬುಲೆಟ್ಟನ್ನು ಒದ್ದ. ಮತ್ತೆ ಮತ್ತೆ ಒದ್ದ. ಅದು ಕೆಮ್ಮಲೂ ಇಲ್ಲ. ಕೊನೆಗೆ ಕಂಬಳಿಯ ಕೊಪ್ಪೆ ಹಾಕಿಕೊಂಡು, ಟಾರ್ಚು ಹಿಡಿದು, ಆ ಮಳೆಯಲ್ಲಿ ಓಡಿದ. ಜೀಪು ಅಂಗಳಕ್ಕೆ ಬಂದಾಗ ಒಂದು ಗಂಟೆಗೂ ಮೇಲಾಗಿತ್ತು. ಆ ಒಂದು ಗಂಟೆ ಅಮ್ಮ ಅಪ್ಪಯ್ಯನ ಬೆನ್ನಿಗೆ ಬೆನ್ನು ಕೊಟ್ಟು ಕತ್ತಲೆಯಲ್ಲಿ ಕುಳಿತಿದ್ದಳು.

ಅಪ್ಪಯ್ಯ ಉಳಿದರು. ಹೃದಯ ದುರ್ಬಲವಾಗಿ ಶ್ವಾಸಕೋಶದಲ್ಲಿ ನೀರು ತುಂಬಿತ್ತೆಂದು ಡಾಕ್ಟರು ಹೇಳಿದರು. ಮರುದಿನ ಸಂಜೆ ನಾನು ಆಸ್ಪತ್ರೆಯ ಮಂಚದ ಬಳಿ ನಿಂತಾಗ ಅವರು ಮೊದಲು ಕೇಳಿದ ಪ್ರಶ್ನೆ: “ಗಾಡಿ ಯಾಕೆ ಸ್ಟಾರ್ಟ್ ಆಗಲಿಲ್ಲ ಅಂತ ನೋಡಿದ್ಯೇನೋ?”

ಗೌರೀಹಬ್ಬಕ್ಕೆ ಹೋದಾಗ ನೋಡಿದೆ. ಸೀಟಿನ ಮೇಲೆ ಬಿಳಿಯ ಬೂಷ್ಟು. ಚೈನಿಗೆ ಕೆಂಪು ತುಕ್ಕು. ಸೈಲೆನ್ಸರಿನ ಬಾಯಲ್ಲಿ ಕಣಜದ ಮಣ್ಣಿನ ಗೂಡು. ಬ್ಯಾಟರಿ ಪೂರ್ತಿ ಇಳಿದಿತ್ತು. ಅದನ್ನು ಪೇಟೆಗೆ ಒಯ್ದು ಚಾರ್ಜು ಮಾಡಿಸಿ ತಂದು, ಕಿಡಿ ಹಾರಿಸುವ ಪಾಯಿಂಟುಗಳನ್ನು ಉಜ್ಜಿ, ಗೂಡನ್ನು ಕೆರೆದು ತೆಗೆದು, ಕೊನೆಗೆ, ಹನ್ನೊಂದು ವರ್ಷ ತಡವಾಗಿ, ಎಣ್ಣೆಯ ಕಡ್ಡಿಯನ್ನು ತೆಗೆದು ನೋಡಿದೆ. ತುದಿಯಲ್ಲಿ ಎಣ್ಣೆಯ ಗುರುತೇ ಇಲ್ಲ! ಒಡನೆಯೇ ಒಂದು ಲೀಟರಿನ ಡಬ್ಬವನ್ನು ಒಡೆದು ಬರಿದುಮಾಡಿದೆ. ಎಂಜಿನ್ನು ಹೊತ್ತಿತು, ಜೊತೆಗೆ ಕೊಟ್ಟಿಗೆಯ ತುಂಬ ನೀಲಿ ಹೊಗೆ. ಸ್ವಲ್ಪ ಹೊತ್ತಿಗೆಲ್ಲ ಗಾಳಿಯ ಕೊಳವೆಯಿಂದ ಎಣ್ಣೆ ಉಕ್ಕಿ ನೆಲಕ್ಕೆ ಸುರಿಯತೊಡಗಿತು. ದನಗಳು ಬೆದರಿ ಕಣ್ಣಿ ಹರಿದುಕೊಳ್ಳುವಂತಾದವು.

ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ತೀರ್ಥಹಳ್ಳಿಗೆ ಹೋದೆ. ಮೇಸ್ತ್ರಿ ನಗಲಿಲ್ಲ, ಒಂದೊಂದನ್ನಾಗಿ ಬಿಡಿಸಿ ತೋರಿಸಿದರು. ಈ ಹಳೆಯ ಬುಲೆಟ್ಟಿನಲ್ಲಿ ಎಣ್ಣೆಯ ತೊಟ್ಟಿ ಬೇರೆ, ಎಂಜಿನ್ನಿನ ತಳ ಬೇರೆ. ಗಾಡಿ ಬಹುದಿನ ನಿಂತರೆ ತೊಟ್ಟಿಯ ಎಣ್ಣೆ ಮೆಲ್ಲಗೆ ತಳಕ್ಕೆ ಜಿನುಗುತ್ತದೆ. ಆಗ ಕಡ್ಡಿ ಹಾಕಿದರೆ ಎಣ್ಣೆ ಇಲ್ಲವೆಂದೇ ತೋರುತ್ತದೆ. ಎಣ್ಣೆ ಇತ್ತು, ಇರಬೇಕಾದ ಕಡೆ ಇರಲಿಲ್ಲ, ಅಷ್ಟೆ. ಎಂಜಿನ್ನು ಓಡಿದಾಗ ಪಂಪು ಅದನ್ನೆಲ್ಲ ಮೇಲೆತ್ತಿ ತೊಟ್ಟಿಗೆ ತಂದಿತು. ಅಲ್ಲಿ ನಾನು ಸುರಿದ ಲೀಟರು ಆಗಲೇ ಕುಳಿತಿತ್ತು. “ತಣ್ಣಗೆ ನಿಂತ ಗಾಡಿಯ ಕಡ್ಡಿ ಸುಳ್ಳು ಹೇಳುತ್ತದೆ ಮೇಷ್ಟ್ರೇ. ಓಡಿಸಿ, ಬಿಸಿ ಮಾಡಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಕೇಳಬೇಕು.”

ಇನ್ನುಳಿದ ತಪ್ಪುಗಳೂ ನನ್ನವೇ. ಎರಡು ನಿಮಿಷದ ಓಟದಿಂದ ಗಾಡಿಗೆ ಹಿತವಿಲ್ಲ, ಕೇಡೇ ಹೆಚ್ಚು. ಪೆಟ್ರೋಲು ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ನು ಚೆನ್ನಾಗಿ ಕಾಯದಿದ್ದರೆ ಆ ಆವಿ ಹೊರಹೋಗದೆ ಎಣ್ಣೆಯಲ್ಲಿ ಸೇರಿ, ಮುಚ್ಚಳದ ಕೆಳಗೆ ಹಾಲಿನ ಕೆನೆಯಂತೆ ಕಟ್ಟುತ್ತದೆ. ಅಷ್ಟು ಮಂದಗತಿಯ ಓಟದಲ್ಲಿ ಬ್ಯಾಟರಿ ತುಂಬುವುದೂ ಇಲ್ಲ. ಬುಲೆಟ್ಟಿನ ತಲೆಯ ಮೇಲಿನ ಆಮೀಟರಿನ ಮುಳ್ಳು ಎಡಕ್ಕೆ ವಾಲಿ ಅದನ್ನೇ ಹೇಳುತ್ತಿರುತ್ತದೆ. ಬಿಗಿದ ತಾಡಪಾಲು ಹೊರಗಿನ ಮಳೆಯನ್ನು ತಡೆದು ಒಳಗಿನ ತೇವವನ್ನು ಬಂಧಿಸಿಡುತ್ತದೆ. ಕೊಟ್ಟಿಗೆಯ ಗಂಜಲದಿಂದೇಳುವ ಅಮೋನಿಯಾ ತಾಮ್ರ ಹಿತ್ತಾಳೆಗಳನ್ನು ತಿನ್ನುತ್ತದೆ. ತಂತಿಗಳ ತುದಿಗಳೆಲ್ಲ ಹಸಿರುಗಟ್ಟಿದ್ದವು.

ಈಗ ಮೇ ತಿಂಗಳ ಕೊನೆಯ ಭಾನುವಾರ ನಮ್ಮ ಮನೆಯಲ್ಲಿ ಎಣ್ಣೆ ನೋಡುವ ದಿನ. ಹತ್ತು ಹದಿನೈದು ಕಿಲೋಮೀಟರು ಓಡಿಸಿ ಬಂದು, ಎಣ್ಣೆ ಬಿಸಿಯಾಗಿರುವಾಗಲೇ ಹಳೆಯದನ್ನು ಪೂರ್ತಿ ಇಳಿಸಿ ಹೊಸದನ್ನು ತುಂಬುತ್ತೇನೆ. ಮಳೆಗಾಲ ಮುಗಿದ ಮೇಲೆ ಬದಲಾಯಿಸೋಣವೆಂಬುದು ಜಿಪುಣರ ಲೆಕ್ಕ. ಹಳೆಯ ಎಣ್ಣೆಯಲ್ಲಿ ಆಮ್ಲವೂ ನೀರೂ ಸೇರಿರುತ್ತವೆ. ಅವು ತಿಂಗಳುಗಟ್ಟಲೆ ಒಳಗೆ ಕುಳಿತು ಬೇರಿಂಗುಗಳನ್ನು ಕೊರೆಯುತ್ತವೆ. ಪೆಟ್ರೋಲು ತೊಟ್ಟಿಯನ್ನು ಕಂಠಮಟ್ಟ ತುಂಬಿಸುತ್ತೇನೆ; ಬರಿದಾದ ಜಾಗದಲ್ಲಿ ತೇವ ಹನಿಗಟ್ಟುತ್ತದೆ. ಈಚಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತಿದ್ದು ಅದು ನೀರನ್ನು ಎಳೆದುಕೊಳ್ಳುವುದರಿಂದ ಈ ಎಚ್ಚರ ಮೊದಲಿಗಿಂತ ಹೆಚ್ಚು ಬೇಕು. ಕಾರ್ಬುರೇಟರಿನ ಬಟ್ಟಲನ್ನು ಮಾತ್ರ ಬರಿದುಮಾಡುತ್ತೇನೆ. ಚೈನನ್ನು ಒರಸಿ ಎಣ್ಣೆ ಸವರಿ, ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಬ್ಯಾಟರಿಯನ್ನು ಬಿಚ್ಚಿ ಹಲಗೆಯ ಮೇಲಿಟ್ಟು, ಗಾಡಿಯನ್ನು ಕೊಟ್ಟಿಗೆಯಿಂದ ದೂರ, ಜಗಲಿಯ ಕೊನೆಯಲ್ಲಿ, ಮರದ ಹಲಗೆಯ ಮೇಲೆ ನಡುಸ್ಟ್ಯಾಂಡು ಹಾಕಿ ನಿಲ್ಲಿಸಿ, ಹಳೆಯ ಹತ್ತಿಯ ಸೀರೆ ಹೊದಿಸುತ್ತೇನೆ. ತಿಂಗಳಿಗೊಮ್ಮೆ ಹೊಳವಾದ ದಿನ ನೋಡಿ ಬ್ಯಾಟರಿ ಜೋಡಿಸಿ, ಸೈಲೆನ್ಸರಿನ ಬಟ್ಟೆ ತೆಗೆದು, ಅರ್ಧ ಗಂಟೆ ಸರಿಯಾಗಿ ಓಡಿಸುತ್ತೇನೆ. ಬಂದು ನಿಲ್ಲಿಸಿ, ಐದು ನಿಮಿಷ ಬಿಟ್ಟು ಕಡ್ಡಿ ನೋಡುತ್ತೇನೆ. ತಮ್ಮ ಈಗ ಸ್ವಂತಕ್ಕೊಂದು ಹೊಸ ಬೈಕು ಕೊಂಡಿದ್ದಾನೆ. ಅದಕ್ಕೆ ಕಡ್ಡಿಯ ಬದಲು ಎಂಜಿನ್ನಿನ ಪಕ್ಕದಲ್ಲಿ ಒಂದು ಗಾಜಿನ ಕಿಂಡಿ ಇದೆ. ಕಿಂಡಿಯಾದರೂ ಬಗ್ಗಿ ನೋಡುವವರಿಗೇ ಕಾಣುತ್ತದೆ.

‘ಎಳ್’ ಮತ್ತು ‘ನೆಯ್’ ಕೂಡಿ ಎಣ್ಣೆಯಾಯಿತೆಂದು ತರಗತಿಯಲ್ಲಿ ಹೇಳುವಾಗ ಹುಡುಗರು ಮುಸಿಮುಸಿ ನಗುತ್ತಾರೆ. ಈಗಿನ ಆಡುಮಾತಿನಲ್ಲಿ ಎಣ್ಣೆಗೆ ಬೇರೆಯೇ ಅರ್ಥವಿದೆಯಷ್ಟೆ. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ‘ಸ್ನೇಹ’ ಎಂಬ ಒಂದೇ ಮಾತಿದೆ ಎಂದಾಗ ನಗು ನಿಲ್ಲುತ್ತದೆ. ಈ ಮಾತನ್ನು ಹಲವು ವರ್ಷ ಪಾಠ ಹೇಳಿದ್ದೆ. ಅದರ ಅರ್ಥ ತಿಳಿದದ್ದು, ಆ ಜುಲೈಯ ನಡುವಿನಿಂದಲೇ ಅಪ್ಪಯ್ಯ ಬುಲೆಟ್ಟನ್ನು ಒದೆಯುವುದನ್ನು ಬಿಟ್ಟಿದ್ದರೆಂದು ಅಮ್ಮ ಹೇಳಿದ ದಿನ. ಕಾಲು ಊದಿ, ಒದೆಯುವ ಶಕ್ತಿ ಇರಲಿಲ್ಲವಂತೆ. ಫೋನಿನಲ್ಲಿ ಮಾತ್ರ “ಆರಾಮು” ಎನ್ನುತ್ತಿದ್ದರು. ಸಾಗರದಲ್ಲಿ ಕುಳಿತು ನಾನು ಅದನ್ನು ನಂಬುತ್ತಿದ್ದೆ.

ಈಗ ತಿಂಗಳಿಗೊಮ್ಮೆ, ಎಂಥ ಮಳೆಯಿದ್ದರೂ, ಹೋಗುತ್ತೇನೆ. ಅಪ್ಪಯ್ಯ ಜಗಲಿಯಲ್ಲಿ ಕುಳಿತು, ಕಡ್ಡಿ ಒರಸಲು ಹಳೆಯ ಪಂಚೆಯ ಚೂರನ್ನು ಕೈಯಲ್ಲಿ ಹಿಡಿದಿರುತ್ತಾರೆ. ಗಾಡಿಯ ಎಣ್ಣೆ ನೋಡಿಯಾದ ಮೇಲೆ ನಾನು ಕೈ ತೊಳೆದು ಬಂದು ಅವರ ಕಾಲಿನ ಬಳಿ ಕುಳಿತು, ಹಿಮ್ಮಡಿಯ ಮೇಲೆ ಬೆರಳಿನಿಂದ ಒತ್ತಿ, ಗುಳಿ ಬೀಳುತ್ತದೆಯೇ ಎಂದು ನೋಡುತ್ತೇನೆ. “ಸಾಕೋ ಮಾರಾಯ, ಆರಾಮಿದೀನಿ” ಎನ್ನುತ್ತಾರೆ. ನಾನು ಇನ್ನೊಂದು ಕಾಲನ್ನೂ ನೋಡುತ್ತೇನೆ.