ಗಳಿಸಿದ್ದು ಹೇಗೆ? ಕೊಟ್ಟಿದ್ದರ ಮಾತು ಆಮೇಲೆ

ದಾವಣಗೆರೆ ಕೊಡುಗೈ ಊರು. ರೈಲ್ವೆ ಸ್ಟೇಷನ್ನಿನಿಂದ ಹೊರಬಂದವರಿಗೆ ರಾಜನಹಳ್ಳಿ ಹನುಮಂತಪ್ಪನವರ ಹೆಸರಿನ ಛತ್ರ, ಕಾಯಿಲೆ ಬಿದ್ದವರಿಗೆ ಚಿಗಟೇರಿ ಹೆಸರಿನ ದೊಡ್ಡಾಸ್ಪತ್ರೆ. ಹತ್ತಿ ಗಿರಣಿಯ ದುಡ್ಡು, ದಲಾಲಿ ಅಂಗಡಿಯ ದುಡ್ಡು ಕಲ್ಲು-ಗಾರೆಯಾಗಿ ನಿಂತದ್ದನ್ನು ನೋಡುತ್ತಲೇ ಬೆಳೆದ ಊರಿನವರಿಗೆ ಉದ್ಯಮಿಯ ಜವಾಬ್ದಾರಿ ಎಂದರೆ ದಾನ ಎಂಬ ಅರ್ಥವೇ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹಾಗಾಗಿ 'ಸುಸ್ಥಿರ ಅಭಿವೃದ್ಧಿಯಲ್ಲಿ ಉದ್ಯಮದ ಪಾತ್ರ' ಎಂದು ಯಾರಾದರೂ ಮಾತು ತೆಗೆದರೆ ಥಟ್ಟನೆ ಕಣ್ಣಿಗೆ ಬರುವುದು ಶಾಲೆಗೆ ಬೆಂಚು, ಸಸಿ ನೆಡುವ ಕಾರ್ಯಕ್ರಮ, ದೊಡ್ಡ ಚೆಕ್ಕು ಹಿಡಿದು ನಿಂತವರ ಫೋಟೊ. ಇದರ ಸುತ್ತ ಹುಟ್ಟಿಕೊಂಡ ಕೆಲವು ನಂಬಿಕೆಗಳನ್ನು ದಾವಣಗೆರೆ-ಹರಿಹರದ ಕಣ್ಣಳತೆಯಲ್ಲೇ ಪರೀಕ್ಷಿಸಬಹುದು. ದೂರ ಹೋಗಬೇಕಿಲ್ಲ.

ತಪ್ಪು ಕಲ್ಪನೆ: ಇದೆಲ್ಲ ವಿಶ್ವಸಂಸ್ಥೆಯವರು ಕಂಡುಹಿಡಿದ ಮಾತು, ನಮ್ಮೂರಿಗೆ ಸಂಬಂಧವಿಲ್ಲ

2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ 193 ದೇಶಗಳು 17 ಗುರಿಗಳನ್ನು ಒಪ್ಪಿಕೊಂಡವು. ಅದಕ್ಕೂ ಮೊದಲು, 1987ರಲ್ಲಿ, ನಾರ್ವೆಯ ಬ್ರುಂಟ್‌ಲಾಂಡ್ ಅಧ್ಯಕ್ಷತೆಯ ಆಯೋಗ ಸುಸ್ಥಿರ ಅಭಿವೃದ್ಧಿಗೆ ಇಂದು ಎಲ್ಲರೂ ಹೇಳುವ ವ್ಯಾಖ್ಯೆ ಕೊಟ್ಟಿತು: ಮುಂದಿನ ಪೀಳಿಗೆಯವರ ಅಗತ್ಯಕ್ಕೆ ಕುತ್ತು ತಾರದೆ ಈಗಿನವರ ಅಗತ್ಯ ಪೂರೈಸುವುದು. ಸರಿ. ಆದರೆ ಆ ವರದಿ ಅಚ್ಚಾಗುವ ಹೊತ್ತಿಗೆ ಇದೇ ಪ್ರಶ್ನೆಯನ್ನು ಹಿಡಿದು ತುಂಗಭದ್ರೆಯ ದಂಡೆಯ ರೈತರು, ಮೀನುಗಾರರು ಬೀದಿಗಿಳಿದು ಮೂರು ವರ್ಷವಾಗುತ್ತ ಬಂದಿತ್ತು.

ಹರಿಹರದ ಸೇತುವೆಯ ಮೇಲೆ ನಿಂತರೆ ಆಚೆ ದಡದಲ್ಲಿ ಕಾಣುವ ಕುಮಾರಪಟ್ಟಣದ ಕಾರ್ಖಾನೆ ಹೆಸರಿಗೆ ಹರಿಹರ ಪಾಲಿಫೈಬರ್ಸ್. ಊರಿನ ಲೆಕ್ಕಕ್ಕೆ ಅದು ರಾಣೆಬೆನ್ನೂರು ತಾಲ್ಲೂಕು, ಇಂದಿನ ಹಾವೇರಿ ಜಿಲ್ಲೆ. ಬಿರ್ಲಾ ಸಮೂಹದ ಗ್ರಾಸಿಂ ಕಂಪನಿಯ ಈ ಘಟಕ 1972ರಲ್ಲಿ ಕೆಲಸ ಶುರುಮಾಡಿತು. ಮರವನ್ನು ಬೇಯಿಸಿ ತಿರುಳು ಮಾಡುವುದು, ಆ ತಿರುಳಿನಿಂದ ವಿಸ್ಕೋಸ್ ನೂಲಿಗೆ ಬೇಕಾದ ನಾರು ತೆಗೆಯುವುದು ಅಲ್ಲಿಯ ಕಸುಬು. ಇಸವಿಯನ್ನು ಗಮನಿಸಿ. ದೇಶಕ್ಕೆ ಜಲಮಾಲಿನ್ಯ ತಡೆ ಕಾಯಿದೆ ಬಂದದ್ದು 1974ರಲ್ಲಿ, ರಾಜ್ಯದ ಮಾಲಿನ್ಯ ಮಂಡಳಿ ಹುಟ್ಟಿದ್ದೂ ಆ ವರ್ಷವೇ. ಕಾರ್ಖಾನೆ ಮೊದಲು ಬಂತು, ಕಾನೂನು ಆಮೇಲೆ ಬಂತು.

ಮರ ಬೇಯಿಸಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ತಿರುಳಾಗದೆ ಕಪ್ಪು ದ್ರವವಾಗಿ ಉಳಿಯುತ್ತದೆ. ಅದನ್ನು ಇಂಗಿಸಿ ಬಾಯ್ಲರಿನಲ್ಲಿ ಉರಿಸಿದರೆ ಆವಿಯೂ ಸಿಗುತ್ತದೆ, ಬಳಸಿದ ರಾಸಾಯನಿಕವೂ ವಾಪಸು ಬರುತ್ತದೆ. ಸೋರಿ ನದಿಗೆ ಬಿದ್ದರೆ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿ, ಬಣ್ಣ ಕೆಡಿಸಿ, ಮೀನು ಕೊಲ್ಲುತ್ತದೆ. ಎಂಬತ್ತರ ದಶಕದ ಮೊದಲ ಅರ್ಧದಲ್ಲಿ ಕಾರ್ಖಾನೆಯ ಕೆಳಗಿನ ಹರಿವಿನಲ್ಲಿ ರಾಶಿರಾಶಿ ಮೀನು ಸತ್ತು ತೇಲಿದ್ದು, ಐರಣಿ, ನಲವಾಗಲ ಮುಂತಾದ ಹಳ್ಳಿಗಳ ಜನ ನೀರಿಗಿಳಿಯಲು ಹೆದರಿದ್ದು ಹೋರಾಟಕ್ಕೆ ಕಾರಣವಾಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 1984ರಿಂದ ಅದಕ್ಕೆ ಬೆನ್ನೆಲುಬಾಯಿತು. ಆ ಹೋರಾಟಗಾರರಲ್ಲಿ ಯಾರೂ 'ಸುಸ್ಥಿರ' ಎಂಬ ಪದ ಬಳಸಿದಂತೆ ಕಾಣೆ. ಹೊಳೆ ನಮ್ಮದು, ಅದರ ಬಾಡಿಗೆ ಯಾರು ಕಟ್ಟುತ್ತಾರೆ ಎಂಬುದಷ್ಟೇ ಅವರ ತಕರಾರು. ಅರ್ಥಶಾಸ್ತ್ರದ ಪಂಡಿತರು ಪುಟಗಟ್ಟಲೆ ಬರೆಯುವುದೂ ಇದನ್ನೇ.

ತಪ್ಪು ಕಲ್ಪನೆ: ಗಿಡ ನೆಟ್ಟರೆ ಲೆಕ್ಕ ಚುಕ್ತಾ

ಇದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟ ನಂಬಿಕೆ. ಇದನ್ನು ಕೀಳಲು ಪಕ್ಕದ ಜಿಲ್ಲೆಯ ಕುಸನೂರಿಗೆ ಹೋಗಬೇಕು.

ನಾರಿಗೆ ಮರ ಬೇಕು, ಮರಕ್ಕೆ ನೆಲ ಬೇಕು. 1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಕಟ್ಟಿದವು. ಸರ್ಕಾರದ ಪಾಲು 51, ಕಂಪನಿಯದು 49. ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್, ಎಂದರೆ 75,000 ಎಕರೆಯಷ್ಟು 'ಸಿ ಮತ್ತು ಡಿ' ವರ್ಗದ, ಎಂದರೆ ಪಾಳು ಎಂದು ದಾಖಲಾದ ಭೂಮಿಯಲ್ಲಿ ನೀಲಗಿರಿಯಂಥ ಬೇಗ ಬೆಳೆಯುವ ಮರ ಹಾಕಿ ಕಾರ್ಖಾನೆಗೆ ಕೊಡುವುದು ಉದ್ದೇಶ. ಕಾಗದದ ಮೇಲೆ ನೋಡಿದರೆ ಎಂಥ ಚೆಂದದ ಯೋಜನೆ! ಪಾಳುಬಿದ್ದ ಜಾಗ ಹಸಿರಾಗುತ್ತದೆ, ಕಾಡಿನ ಮೇಲಿನ ಹೊರೆ ಇಳಿಯುತ್ತದೆ, ಕೈಗಾರಿಕೆಯೂ ನಡೆಯುತ್ತದೆ. ಇಂದಾಗಿದ್ದರೆ ಇದಕ್ಕೊಂದು ಪ್ರಶಸ್ತಿಯನ್ನೂ ಕೊಡುತ್ತಿದ್ದರೇನೋ.

ಆದರೆ ದಫ್ತರಿನಲ್ಲಿ ಪಾಳು ಎಂದಿದ್ದ ನೆಲ ಹಳ್ಳಿಯವರ ಪಾಲಿಗೆ ಗೋಮಾಳ. ದನ ಮೇಯುವ ಜಾಗ, ಒಲೆಗೆ ಪುಳ್ಳೆ ಆಯುವ ಜಾಗ, ಬೇಲಿಗೆ ಮುಳ್ಳು, ನೇಗಿಲಿಗೆ ಮರ, ಜ್ವರಕ್ಕೆ ಸೊಪ್ಪು ತರುವ ಜಾಗ. ಜಮೀನಿಲ್ಲದವನ ಎರಡು ಆಡು ನಿಂತದ್ದೇ ಅದರ ಮೇಲೆ. ನೀಲಗಿರಿಯನ್ನು ದನ ಮೂಸಿಯೂ ನೋಡುವುದಿಲ್ಲ.

1986ರ ಕೊನೆಗೆ ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯದವರೂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ಒಂದು ವಿಚಿತ್ರ ಸತ್ಯಾಗ್ರಹ ಮಾಡಿದರು. ಹೆಸರು 'ಕಿತ್ತಿಕೊ-ಹಚ್ಚಿಕೊ'. ನೂರರಷ್ಟು ನೀಲಗಿರಿ ಸಸಿ ಕಿತ್ತು, ಆ ಗುಂಡಿಗಳಲ್ಲೇ ಹಣ್ಣಿಗೆ, ಮೇವಿಗೆ ಆಗುವ ಗಿಡ ಹಚ್ಚಿದರು. ಕಿತ್ತದ್ದಕ್ಕಿಂತ ಹಚ್ಚಿದ್ದೇ ಆ ದಿನದ ಮುಖ್ಯ ಕೆಲಸ ಎಂದು ನನಗೆ ಅನಿಸುತ್ತದೆ. ಯಾವ ಗಿಡ, ಯಾರ ನೆಲದಲ್ಲಿ, ಯಾರನ್ನು ಕೇಳಿ ಎಂಬ ಮೂರೂ ಪ್ರಶ್ನೆಗೆ ಅಲ್ಲಿ ಭಾಷಣವಿಲ್ಲದೆ ಉತ್ತರವಿತ್ತು. 1991ರಲ್ಲಿ ಆ ಜಂಟಿ ಕಂಪನಿಯನ್ನು ಮುಚ್ಚಲಾಯಿತು. ರಾಮಚಂದ್ರ ಗುಹಾ ಅವರಂಥ ಇತಿಹಾಸಕಾರರು ಇದನ್ನು ಬರೆದ ಮೇಲೆ ಹೊರದೇಶದ ವಿಶ್ವವಿದ್ಯಾಲಯಗಳಲ್ಲೂ ಕುಸನೂರು ಪಾಠವಾಯಿತು. ನಮ್ಮ ಪಕ್ಕದ ಜಿಲ್ಲೆಯ ಕಾಲೇಜು ಹುಡುಗರಿಗೆ ಅದು ಗೊತ್ತಿಲ್ಲದಿದ್ದರೆ ತಪ್ಪು ಹುಡುಗರದ್ದಲ್ಲ.

ತಪ್ಪು ಕಲ್ಪನೆ: ಹೊಳೆ ಬೇಕೆಂದರೆ ನೌಕರಿ ಬಿಡಬೇಕು

ಹರಿಹರದಲ್ಲಿ ಇದನ್ನು ಹೇಳುವವರ ನೋವು ನಿಜ. ಬಾಗಿಲು ಹಾಕಿದ ಗೇಟುಗಳನ್ನು ಕಂಡ ಊರು ಅದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತು ಮಾಡಿ ದೇಶದ ವರ್ಕ್‌ಶಾಪುಗಳಿಗೆಲ್ಲ ಕಳಿಸುತ್ತಿತ್ತು. ಯಂತ್ರಪುರ ಎಂಬ ಬಡಾವಣೆಯ ಹೆಸರೇ ಅದರ ಗುರುತು. ಹೊಸ ಶತಮಾನ ಕಣ್ಣುಬಿಡುವ ಹೊತ್ತಿಗೆ ಅದರ ಸೈರನ್ ನಿಂತಿತು. ದಾವಣಗೆರೆಯ ಕಥೆಯೂ ಅಷ್ಟೇ. 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡು, ಗಿರಣಿ ಕಾರ್ಮಿಕರ ಬಲದಿಂದ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಮತ್ತೆ ಮತ್ತೆ ವಿಧಾನಸಭೆಗೆ ಕಳಿಸಿದ ಊರಿನಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಮೌನವಾದವು.

ಈಗ ಒಂದು ಪ್ರಶ್ನೆ. ಇವುಗಳನ್ನು ಮುಚ್ಚಿಸಿದ್ದು ಪರಿಸರ ಹೋರಾಟವೇ? ಅಲ್ಲ. ಗಿರಣಿಗಳನ್ನು ಹಳೆಯ ಯಂತ್ರ, ಪವರ್‌ಲೂಮಿನ ಪೈಪೋಟಿ, ಸಾಲ, ಆಡಳಿತ-ಕಾರ್ಮಿಕ ಜಗಳ ತಿಂದವು. ಲೇತಿನ ಜಾಗಕ್ಕೆ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಬಂದವು, 1991ರ ನಂತರ ಮಾರುಕಟ್ಟೆಯ ಬಾಗಿಲೂ ತೆರೆಯಿತು. ಈ ಸೀಮೆಯಲ್ಲಿ ಅತಿ ಹೆಚ್ಚು ವಿರೋಧ, ಮೊಕದ್ದಮೆ, ತಪಾಸಣೆ ಕಂಡ ಕಾರ್ಖಾನೆ ಯಾವುದು ಎಂದು ಕೇಳಿದರೆ ಬೆರಳು ಕುಮಾರಪಟ್ಟಣದ ಕಡೆಗೇ ಹೋಗುತ್ತದೆ. ಅದು ಇವತ್ತಿಗೂ ನಡೆಯುತ್ತಿದೆ.

ತಿಳಿದವರು ಇಲ್ಲಿ ಕೇರಳದ ಮಾವೂರಿನ ಉದಾಹರಣೆ ಎತ್ತುತ್ತಾರೆ, ಎತ್ತಲೇಬೇಕು. ಚಾಲಿಯಾರ್ ನದಿಯ ದಡದಲ್ಲಿದ್ದ ಇದೇ ಬಿರ್ಲಾ ಸಮೂಹದ ನಾರಿನ ಕಾರ್ಖಾನೆ 2001ರಲ್ಲಿ ಪೂರ್ತಿ ನಿಂತುಹೋಯಿತು, ಅಲ್ಲಿ ಮಾಲಿನ್ಯ ವಿರೋಧಿ ಚಳವಳಿ ಜೋರಾಗಿಯೇ ಇತ್ತು. ಆದರೆ ಅಲ್ಲಿ ಬಿದಿರು, ಮರ ಸಿಗದ ಕಷ್ಟ, ಅದರ ದರಕ್ಕಾಗಿ ಸರ್ಕಾರದೊಂದಿಗೆ ಎಳೆದಾಟ, ವರ್ಷಗಟ್ಟಲೆ ನಡೆದ ಕಾರ್ಮಿಕ ಬಿಕ್ಕಟ್ಟು ಎಲ್ಲವೂ ಸೇರಿದ್ದವು. ನನಗೆ ಮಾವೂರು ಬೇರೆಯದನ್ನೇ ಹೇಳುತ್ತದೆ. ಕಾಡು ಮುಗಿಯುವವರೆಗೆ ಅಗ್ಗವಾಗಿ ಸಿಕ್ಕ ಕಚ್ಚಾಮಾಲನ್ನು ನಂಬಿದ ಉದ್ಯಮ ಕಾಡಿನ ಜೊತೆಗೇ ಮುಗಿಯುತ್ತದೆ. ಮೊದಲು ಹೋಗುವುದು ಕಾರ್ಮಿಕನ ಕೆಲಸ.

ತಪ್ಪು ಕಲ್ಪನೆ: ಎಲ್ಲ ಕಂಪನಿಗಳೂ ಲಾಭದಲ್ಲಿ 2% ಸಮಾಜಕ್ಕೆ ಕೊಡಬೇಕು, ಕೊಟ್ಟರೆ ಮುಗಿಯಿತು

ಎರಡೂ ತಪ್ಪು. 2013ರ ಕಂಪನಿ ಕಾಯಿದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗೆ ಮಾತ್ರ ಅದು ಅನ್ವಯ. ಹಿಂದಿನ 3 ವರ್ಷಗಳ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಪಾಲುದಾರಿಕೆಯಲ್ಲಿ, ಒಬ್ಬರ ಹೆಸರಿನಲ್ಲಿ ನಡೆಯುವ ಅಕ್ಕಿ ಗಿರಣಿಗೆ, ದಲಾಲಿ ಮಂಡಿಗೆ ಇದು ತಟ್ಟುವುದೇ ಇಲ್ಲ. ತನ್ನ ನೌಕರರಿಗಷ್ಟೇ ಆಗುವ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಕೊಳಚೆ ಶುದ್ಧೀಕರಣ ಘಟಕಕ್ಕೆ ಹಾಕಿದ ದುಡ್ಡು ದಾನವಲ್ಲ, ಅದು ಕಾರ್ಖಾನೆ ನಡೆಸುವ ಖರ್ಚು.

ಉಳಿದ 98% ಗಳಿಸಿದ ದಾರಿ ಯಾವುದೆಂದು ಆ ಕಲಮು ಕೇಳುವುದಿಲ್ಲ. ಕೇಳಬೇಕಾದದ್ದು ಅಲ್ಲೇ. ಸಣ್ಣ ಉದ್ಯಮಗಳ 2006ರ ಕಾಯಿದೆಯ ಪ್ರಕಾರ ಸಣ್ಣ ಘಟಕದಿಂದ ಮಾಲು ಕೊಂಡವರು ಕರಾರು ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ಆರಾರು ತಿಂಗಳು ಬಿಲ್ಲು ಎಳೆದಾಡಿಸಿ ಮತ್ತೊಂದು ಕಡೆ ಶಾಲೆಗೆ ಗೇಟು ಕಟ್ಟಿಸಿಕೊಟ್ಟವರ ಬಗ್ಗೆ ಏನು ಹೇಳುವುದು? ಗೇಟಿನ ಮೇಲೆ ಹೆಸರು ಚೆನ್ನಾಗಿ ಬರೆಸಿರುತ್ತಾರೆ.

ತಪ್ಪು ಕಲ್ಪನೆ: ದೊಡ್ಡ ಕಂಪನಿಗಳ ಮಾತಾಯಿತು, ಸಣ್ಣವರದ್ದು ಏನಿದೆ?

ಬೆಣ್ಣೆ ದೋಸೆಯಷ್ಟೇ ದಾವಣಗೆರೆಗೆ ಹೆಸರು ತಂದದ್ದು ಮಂಡಕ್ಕಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಕಾದ ಮರಳಿನಲ್ಲಿ ಹುರಿಯುವ ಕೆಲಸಕ್ಕೆ ದಿನವಿಡೀ ಬೆಂಕಿ ಬೇಕು. ಮಂಡಕ್ಕಿ ಭಟ್ಟಿ ಪ್ರದೇಶದಲ್ಲಿ ಹಳೆಯ ಟೈರು ಉರಿಸುತ್ತಾರೆಂಬ ದೂರು ವರ್ಷಗಟ್ಟಲೆ ಇತ್ತು. ಟೈರು ಅಗ್ಗ, ಕಾವು ಜಾಸ್ತಿ. ಆದರೆ ಅದರಲ್ಲಿ ಗಂಧಕವಿದೆ. ಹೊಗೆಯ ಮಸಿ ಇಳಿಯುವುದು ಭಟ್ಟಿಯ ಪಕ್ಕದಲ್ಲೇ ಸಂಸಾರ ಮಾಡುವ ಕೆಲಸಗಾರರ ಎದೆಗೆ, ಮಕ್ಕಳ ಎದೆಗೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳಲ್ಲಿ ದಾವಣಗೆರೆ ಆಯ್ಕೆಯಾದಾಗ ಈ ಪ್ರದೇಶದ ಸುಧಾರಣೆಯೂ ಪ್ರಸ್ತಾವದಲ್ಲಿತ್ತು.

ಇಲ್ಲಿ ಭಟ್ಟಿಯವರನ್ನು ಬೈದು ಕೈತೊಳೆದುಕೊಳ್ಳುವುದು ಅನ್ಯಾಯ. ಸೇರಿಗೆ ನಾಲ್ಕಾಣೆ ಉಳಿಯುವ ವ್ಯಾಪಾರ ಅದು. ಭದ್ರಾ ನಾಲೆಯ ಅಚ್ಚುಕಟ್ಟಿನ ಊರಿದು, ಭತ್ತದ ತೂಕದ ಸುಮಾರು ಐದನೇ ಒಂದು ಪಾಲು ಹೊಟ್ಟೇ. ಆ ಹೊಟ್ಟು ಒಳ್ಳೆಯ ಉರುವಲು. ಕಬ್ಬಿನ ಸಿಪ್ಪೆಯಿಂದ ಸಕ್ಕರೆ ಕಾರ್ಖಾನೆಗಳು ಕರೆಂಟು ಮಾಡಿ ಮಾರುತ್ತವೆ. ಅವರಿಗೆ ಬ್ಯಾಂಕಿನ ಸಾಲವಿದೆ, ಇಂಜಿನಿಯರ್ ಇದ್ದಾರೆ. ಭಟ್ಟಿಯವನಿಗೆ ಬೇಕಾದದ್ದು ಹೊಟ್ಟಿನಲ್ಲಿ ಉರಿಯುವ ಒಳ್ಳೆಯ ಒಲೆ, ಎತ್ತರದ ಚಿಮಣಿ, ಅದಕ್ಕೆ ಸಾಲ. ದಂಡ ಹಾಕುವ ಮೊದಲು ಇವನ್ನು ಕೊಡಬೇಕು.

ತಪ್ಪು ಕಲ್ಪನೆ: ಕಂಪನಿಯ ವರದಿ ಬಂದಮೇಲೆ ನಮಗೇನು ಕೆಲಸ?

ಷೇರುಪೇಟೆಯ ಮೊದಲ 1,000 ಕಂಪನಿಗಳು ನೀರು, ಹೊಗೆ, ಕಸ, ಕಾರ್ಮಿಕರ ವಿವರವನ್ನು ವರ್ಷವರ್ಷ ಹೇಳಲೇಬೇಕೆಂದು 2022-23ರಿಂದ ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಒಳ್ಳೆಯದೇ. ಆದರೆ ಆ ಅಂಕಿ ಇಡೀ ಕಂಪನಿಯ ಒಟ್ಟು ಮೊತ್ತ. ಹತ್ತು ಊರಿನ ಕಾರ್ಖಾನೆಗಳ ನೀರನ್ನು ಕೂಡಿಸಿ ಬರೆದ ಸಂಖ್ಯೆಯಲ್ಲಿ ನಮ್ಮ ಹೊಳೆ ಎಲ್ಲಿದೆ ಎಂದು ಹುಡುಕುವುದು ಹೇಗೆ?

ಅದಕ್ಕೆ ಬೇರೆ ದಾರಿ ಇದೆ. ದೊಡ್ಡ ಕಾರ್ಖಾನೆ ಹೊಸದಾಗಿ ಬರುವಾಗ ಅಥವಾ ವಿಸ್ತರಿಸುವಾಗ, 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾಮಾನ್ಯವಾಗಿ ಆ ಜಾಗದಲ್ಲೋ ಹತ್ತಿರದಲ್ಲೋ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು, ಜಿಲ್ಲಾಧಿಕಾರಿ ಕಚೇರಿಯಲ್ಲಿ ಓದಲು ಸಿಗಬೇಕು. ಮುಂದಿನ ಸಲ ಟೆಂಡರ್ ಜಾಹೀರಾತುಗಳ ನಡುವೆ ಅಂಥದ್ದೊಂದು ಪ್ರಕಟಣೆ ಕಂಡರೆ ಪುಟ ತಿರುಗಿಸಬೇಡಿ. ಸಾರಾಂಶ ತೆಗೆಸಿ ಓದಿ, ನೀರು ಎಲ್ಲಿಂದ ತರುತ್ತಾರೆ, ಎಲ್ಲಿಗೆ ಬಿಡುತ್ತಾರೆ ಎಂಬ ಎರಡು ಸಾಲಿನ ಕೆಳಗೆ ಗೆರೆ ಎಳೆದುಕೊಂಡು ಸಭೆಗೆ ಹೋಗಿ.